ಬಾಳಮ್ಮನ ಹೊಳೆಯದ ಗಾಲಿ

ಆಳಂದದ ಅಡತಿ ಬಜಾರಿನ ಎದುರು ನನ್ನದೊಂದು ಸ್ಪೇರ್ ಪಾರ್ಟ್ಸ್ ಅಂಗಡಿ ಇತ್ತು. ರಸ್ತೆಯ ಆಚೆ ಕಲ್ಲಿನ ನೀರಿನ ಟಾಕಿ, ಟಾಕಿಯ ಪಕ್ಕದಲ್ಲಿ ಗಾಡಿ ತೊಳೆಯುವ ಬಾಳಮ್ಮ. ಹದಿನೆಂಟು ವರ್ಷ ನಾನು ಆ ಹೆಂಗಸಿನ ಮುಖ ನೋಡುತ್ತ ಅಂಗಡಿ ತೆರೆದೆ, ಅವಳ ಬಾಯಿ ಕೇಳುತ್ತ ಮುಚ್ಚಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರವರು ಆಡಿಕೊಳ್ಳುತ್ತಾರೆ. ಇರಲಿ. ಆದರೆ ಎಂಬತ್ತಾರನೆಯ ಇಸವಿಯ ದಸರೆಯಿಂದ ಎಳ್ಳ ಅಮಾವಾಸ್ಯೆಯ ತನಕ ನನಗೆ ಸಿಟ್ಟು ಬಂದಿದ್ದು ನನ್ನ ಮೇಲೆಯೇ, ಅದು ಇನ್ನೂ ಪೂರಾ ಇಳಿದಿಲ್ಲ.

ಬಾಳಮ್ಮ ಅಫಜಲಪುರ ತಾಲೂಕಿನ ಮಣ್ಣೂರಿನವಳು. ಭೀಮಾ ನದಿಯಲ್ಲಿ ಎಮ್ಮೆ ತೊಳೆದು ಬೆಳೆದವಳು. ಮದುವೆಯಾಗಿ ಆಳಂದಕ್ಕೆ ಬಂದಳು. ಗಂಡ ಚಂದಪ್ಪ ಅಡತಿಯಲ್ಲಿ ಹಮಾಲ. ತೊಗರಿ ಚೀಲ ಹೊತ್ತು ಹೊತ್ತು ಅವನ ಸೊಂಟ ಹಿಡಿದುಕೊಂಡಿತು, ಮನುಷ್ಯ ಗೋಡೆಗೆ ಆತು ಕೂತುಬಿಟ್ಟ. ಬಾಳಮ್ಮ ಅಳುತ್ತ ಕೂಡಲಿಲ್ಲ. ಒಂದು ಕೊಡ, ಒಂದು ತೆಂಗಿನ ನಾರಿನ ಉಂಡೆ ಹಿಡಿದುಕೊಂಡು ಟಾಕಿಯ ಹತ್ತಿರ ಬಂದು ನಿಂತಳು. ಮೊದಲ ದಿನ ಒಬ್ಬ ಲಾರಿ ಡ್ರೈವರ್ ನಕ್ಕು, “ಏನಬೇ, ಎಮ್ಮಿ ತೊಳದಂಗ ತೊಳಿತಿಯೇನು?” ಎಂದ.

“ಎಮ್ಮಿ ತೊಳಿಯೋದು ಕಠಿಣ ಅದ. ಅದು ಅಡ್ಡಾಡತದ. ನಿನ್ನ ಲಾರಿ ಸುಮ್ಮ ನಿಂದರತದ,” ಎಂದಳು.

ಆ ಡ್ರೈವರ್ ಮುಂದೆ ಆರು ವರ್ಷ ಬೇರೆ ಯಾರ ಕೈಗೂ ಲಾರಿ ಕೊಡಲಿಲ್ಲ. ಸುಗ್ಗಿಯಲ್ಲಿ ಜೇವರ್ಗಿ ಕಡೆಯಿಂದ ಬಂದ ಟ್ರ್ಯಾಕ್ಟರುಗಳೂ ಅವಳ ಟಾಕಿಯ ಮುಂದೆ ಸಾಲು ಹಚ್ಚುತ್ತಿದ್ದವು. ಒಬ್ಬ ಹೆಂಗಸು ಗಾಡಿ ತೊಳೆದು ಮನೆ ನಡೆಸುತ್ತಾಳೆ ಎನ್ನುವುದು ಊರಿಗೆ ಹಳೆಯ ಮಾತಾಯಿತು.

ನಮ್ಮ ಕಡೆಯ ಒಂದು ರೂಢಿ ಇಲ್ಲಿ ಹೇಳಬೇಕು. ಹೆಣ್ಣುಮಕ್ಕಳು ಬಂಡಿ ಹತ್ತುವುದು ಗಾಲಿಯ ಮೇಲೆ ಕಾಲಿಟ್ಟು. ಎಡಗೈಯಲ್ಲಿ ಸೀರೆಯ ನೆರಿಗೆ, ಬಲಗೈಯಲ್ಲಿ ಬಂಡಿಯ ಹಲಗೆ, ಗಾಲಿಗೆ ಒಂದು ಹೆಜ್ಜೆ, ಮೇಲೆ. ಬಂಡಿ ಹೋಗಿ ಟ್ರ್ಯಾಕ್ಟರ್ ಬಂತು, ಹಿಂದೆ ಟ್ರಾಲಿ ಬಂತು, ಮರದ ಗಾಲಿಯ ಬದಲು ರಬ್ಬರಿನ ಟೈರ್ ಬಂತು. ಹೆಜ್ಜೆ ಮಾತ್ರ ಬದಲಾಗಲಿಲ್ಲ. ಅಜ್ಜಿಯಿಂದ ಮೊಮ್ಮಗಳ ತನಕ ಎಲ್ಲರೂ ಟೈರಿನ ಮೇಲೆಯೇ ಕಾಲಿಟ್ಟು ಹತ್ತುತ್ತಿದ್ದರು.

ಆ ವರ್ಷ ಜಗದೇವಪ್ಪ ಹೊಸ ಟ್ರ್ಯಾಕ್ಟರ್ ತಂದ. ನೂರು ಎಕರೆಯ ಒಕ್ಕಲು, ಒಳ್ಳೆಯ ಮನುಷ್ಯ, ಆದರೆ ತೋರಿಸಿಕೊಳ್ಳುವ ಚಟ ಬಹಳ. ದಸರೆಯ ಹಿಂದಿನ ದಿನ ಟ್ರ್ಯಾಕ್ಟರ್, ಟ್ರಾಲಿ ಎರಡನ್ನೂ ಬಾಳಮ್ಮನ ಟಾಕಿಗೆ ತಂದು ನಿಲ್ಲಿಸಿ, ನೆಟ್ಟಗೆ ನನ್ನ ಅಂಗಡಿಗೆ ಬಂದ.

“ನಾಗಣ್ಣ, ಟೈರ್ ಕನ್ನಡಿ ಹಂಗ ಹೊಳಿಬೇಕು ನೋಡು. ಬನ್ನಿ ಮುಡಿಯಾಕ ಹೋದಾಗ ಮಂದಿ ಕಣ್ಣು ಕುಕ್ಕಬೇಕು. ಏನ್ ಹಚ್ಚಬೇಕು?”

ಗೊತ್ತಿಲ್ಲ ಎನ್ನುವ ಮಾತು ನನ್ನ ಬಾಯಿಂದ ಬರುತ್ತದೆಯೇ? ಮೂಲೆಯ ಡಬ್ಬಿಯಲ್ಲಿದ್ದ ಹಳೆಯ ಇಂಜಿನ್ ಆಯಿಲಿಗೆ ಒಂದಿಷ್ಟು ಡೀಸೆಲ್ ಬೆರೆಸಿ ಕೊಟ್ಟೆ. ಬಾಳಮ್ಮ ಮೂಸಿ ನೋಡಿ ಮುಖ ಸಿಂಡರಿಸಿದಳು.

“ಗೌಡ್ರ, ಇದು ಬ್ಯಾಡ್ರಿ. ಮಂದಿ ಕಾಲಿಡ್ತಾರ. ಸ್ವಚ್ಛ ತೊಳದು ಬಿಡ್ತೇನಿ, ಸಾಕು.”

“ತೊಳದ ಟೈರ್ ಒಣಗಿದ ಮ್ಯಾಲ ಬೂದಿ ಬಣ್ಣ ಆಗತದ. ಹಚ್ಚಂದ್ರ ಹಚ್ಚು,” ಎಂದ ಜಗದೇವಪ್ಪ.

“ನೀ ತೊಳಿಯೋ ಕೆಲಸ ಮಾಡು, ಬೇ. ಆಯಿಲ್ ಬಗ್ಗೆ ನನಗ ಗೊತ್ತದ,” ಎಂದು ನಾನೂ ಒಗ್ಗರಣೆ ಹಾಕಿದೆ. ಅವಳು ಹಚ್ಚಿದಳು.

ಮರುದಿನ ಸಂಜೆ ಜಗದೇವಪ್ಪನ ತಾಯಿ ಗುರುಶಾಂತಮ್ಮ ಬನ್ನಿ ಗಿಡಕ್ಕೆ ಹೊರಟಳು. ಅರವತ್ತೈದು ದಾಟಿದ ಮುದುಕಿ, ಯಾರ ಕೈಯನ್ನೂ ಬೇಡದವಳು. ಎಂದಿನಂತೆ ನೆರಿಗೆ ಹಿಡಿದು ಟ್ರಾಲಿಯ ಟೈರಿನ ಮೇಲೆ ಕಾಲಿಟ್ಟಳು. ಕಾಲು ಜಾರಿತು. ಅಂಗಳದ ಹಾಸುಗಲ್ಲಿನ ಮೇಲೆ ಬಲಗೈ ಊರಿ ಬಿದ್ದಳು, ಮಣಿಕಟ್ಟು ಮುರಿಯಿತು. ಎಲುಬು ಕಟ್ಟುವವನು ಬಂದು ಕಟ್ಟಿದ, ಎಲುಬು ಕೂಡಿತು, ಸೊಟ್ಟಗೆ ಕೂಡಿತು. ಆ ಕೈ ಮುಂದೆ ಒಂದೇ ಒಂದು ರೊಟ್ಟಿ ಬಡಿಯಲಿಲ್ಲ. ಇನ್ನು ಆ ಗಾಲಿಯ ಸಹವಾಸ ಬೇಡ ಎಂದು ಮುದುಕಿ ಹೊಲಕ್ಕೆ ಹೋಗುವುದನ್ನೇ ಬಿಟ್ಟಳು.

ನೆರೆದ ಮಂದಿಯ ಮುಂದೆ ಜಗದೇವಪ್ಪ ಹೇಳಿದ್ದು ಒಂದೇ ಮಾತು. “ಬಾಳಮ್ಮ ಎಣ್ಣಿ ಹಚ್ಯಾಳ.”

ಸುಳ್ಳಲ್ಲ. ಅರ್ಧ ಮಾತು. ಉಳಿದ ಅರ್ಧ ಅವನ ಹೊಟ್ಟೆಯಲ್ಲಿ, ನನ್ನ ಹೊಟ್ಟೆಯಲ್ಲಿ ಉಳಿಯಿತು. ಮರುದಿನ ಬಜಾರಿನಲ್ಲಿ ಅದೇ ಸುದ್ದಿ ಎದ್ದಿತು: ಮುದುಕಿಯ ಕೈ ಮುರಿದವಳು ಬಾಳಮ್ಮ. ವಾರದೊಳಗೆ ಟಾಕಿಯ ಮುಂದಿನ ಸಾಲು ಕರಗಿತು. ಮತ್ತೊಂದು ವಾರಕ್ಕೆ ಅವಳು ಒಬ್ಬಳೇ ಕೂತಿದ್ದಳು. ಅನ್ನದ ದಾರಿಯೂ ಹೋಯಿತು, ಹೆಸರೂ ಹೋಯಿತು.

ನಾಚಿಕೆ ತಡೆಯಲಾರದೆ ಒಂದು ಮುಂಜಾನೆ ರಸ್ತೆ ದಾಟಿ ಹೋದೆ. “ಬಾಳಮ್ಮ, ನಾ ಹೋಗಿ ಹೇಳ್ತೇನಿ. ಆಯಿಲ್ ಕೊಟ್ಟವ ನಾ ಅಂತ.”

ಅವಳು ನಾರು ಹಿಂಡುತ್ತ ನನ್ನ ಕಡೆ ನೋಡದೆ ಹೇಳಿದಳು. “ಅವತ್ತ ಹೇಳಬೇಕಿತ್ತು. ಈಗ ನೀವು ಹೇಳಿದ್ರ ಏನಾಗತದ? ಮಂದಿ ಮತ್ತ ಬರೇ ತೊಳದ ಗಾಲಿ ನೋಡಿ ಬೂದಿ ಬಣ್ಣ ಅಂತಾರ, ಮತ್ತ ಯಾವನೋ ಎಣ್ಣಿ ಹಚ್ಚತಾನ, ಮತ್ತ ಯಾವಾಕಿಯೋ ಬೀಳ್ತಾಳ. ಕರ್ರಗ ಇರಬೇಕು, ಹೊಳೀಬಾರದು, ಜಾರಬಾರದು. ಅಂಥಾದ್ದು ಏನದ ಅಂತ ನಾ ಹುಡುಕತೇನಿ. ನಿಮ್ಮ ಅಂಗಡಿ ಹಿಂದ ಹಳೇ ಟೈರ್ ಬಿದ್ದದಲ್ಲ, ಅದನ್ನ ಕೊಡ್ರಿ.”

ಕೊಟ್ಟೆ. ಅದನ್ನು ಎರಡು ಕಲ್ಲುಗಳ ನಡುವೆ ಅಲುಗದಂತೆ ನಿಲ್ಲಿಸಿದಳು. ಅಂಗೈ ಅಗಲದ ಜಾಗಕ್ಕೆ ಒಂದೊಂದು ಪದಾರ್ಥ ಹಚ್ಚುವುದು, ಒಣಗಿಸುವುದು, ತನ್ನ ಬರಿಗಾಲಿಗೆ ನೀರು ಸುರಿದುಕೊಂಡು ಅದರ ಮೇಲೆ ಹತ್ತಿ ನಿಲ್ಲುವುದು, ಆಮೇಲೆ ಒಂದು ಹಿಡಿ ಎರೆಮಣ್ಣಿನ ಧೂಳು ಎರಚಿ ಬಟ್ಟೆಯಿಂದ ಒರೆಸಿ ನೋಡುವುದು. ದಿನವೂ ಇದೇ. ಬಜಾರಿನ ಮಂದಿಗೆ ಪುಕ್ಕಟೆ ತಮಾಷೆ. “ಮುದುಕಿ ಕೈ ಆತು, ಇನ್ನ ತನ್ನ ಕಾಲ ಮುರಕೊಳ್ಳಾಕತ್ತಾಳ,” ಎಂದು ನಗುತ್ತಿದ್ದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲು ಕುಸುಬಿ ಎಣ್ಣೆ ಹಚ್ಚಿದಳು. ಕಪ್ಪೇನೋ ಬಂತು, ಎರಡನೆಯ ದಿನ ಅಂಟಂಟಾಗಿ ಊರ ಧೂಳನ್ನೆಲ್ಲ ಹಿಡಿದುಕೊಂಡಿತು. ಬೆಲ್ಲದ ನೀರಿಗೆ ದೀಪದ ಕಾಡಿಗೆ ಕಲಸಿ ಬಳಿದಳು. ಮುಂಜಾನೆ ಬಂದು ನೋಡಿದರೆ ಇರುವೆಗಳ ಜೊತೆ ಯಾರದೋ ಆಡು ನಿಂತು ಟೈರನ್ನು ನೆಕ್ಕುತ್ತಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳೂ ನಕ್ಕಳು, ದಸರೆಯ ನಂತರ ಅದೇ ಮೊದಲು. ಬೂಟಿನ ಪಾಲಿಶ್ ಆಯಿತು, ತಿಕ್ಕಿದಷ್ಟೂ ಹೊಳೆಯಿತು. ಕಡೆಗೆ ನಾನು ಸೋಲಾಪುರದಿಂದ ತರಿಸಿದ ಟೈರ್ ಪಾಲಿಶಿನ ಬಾಟಲಿ ಕೊಟ್ಟು, “ಇದು ಕಂಪನಿ ಮಾಲು, ತಿಳೀತೇನಬೇ, ಜಾರಂಗಿಲ್ಲ,” ಎಂದು ಎದೆ ತಟ್ಟಿ ಹೇಳಿದೆ. ಅವಳು ಹತ್ತಿದಳು, ಕಾಲು ಸರ್ರನೆ ಹೋಗಿ ಕುಂಡೆಯೂರಿ ಬಿದ್ದಳು. ಎದ್ದು ಸೀರೆ ಝಾಡಿಸಿಕೊಂಡು, “ನಾಗಣ್ಣಾರ, ನಿಮ್ಮ ಕಂಪನಿಯವ ಹೆಂಡ್ರನ್ನ ಟ್ರಾಲಿ ಹತ್ತಿಸಿಲ್ಲ ಕಾಣಸತದ,” ಎಂದಳು. ನನಗೆ ಕೆಟ್ಟ ಸಿಟ್ಟು ಬಂತು. ಮಾತು ಖರೆ ಇತ್ತು, ಅದಕ್ಕೇ ಬಂತು.

ಕಾರ್ತಿಕ ಮುಗಿದು ಚಳಿ ಬಿದ್ದಿತು. ದಿನವೂ ಒದ್ದೆ ಕಾಲಲ್ಲಿ ಟೈರು ಹತ್ತಿ ಇಳಿಯುತ್ತಿದ್ದ ಬಾಳಮ್ಮನ ಹಿಮ್ಮಡಿ ಒಡೆದು ರಕ್ತ ಬಂತು. ಅವಳ ಓಣಿಯಲ್ಲಿದ್ದ ನರ್ಸ್ ಹಮೀದಾಬೇಗಂ ಒಂದು ಸಣ್ಣ ಶೀಶೆ ಗ್ಲಿಸರಿನ್ ಕೊಟ್ಟು, “ಹಂಗೇ ಹಚ್ಚಬ್ಯಾಡ, ಚಿಪಿಚಿಪಿ ಆಗತದ. ನೀರಾಗ ಕಲಸಿ ಹಚ್ಚಿ, ಒಣಾ ಬಟ್ಟಿಲೆ ಒರಸು,” ಎಂದಳಂತೆ. ನಾಲ್ಕು ದಿನಕ್ಕೆ ಬೂದಿ ಬಡಿದಂತಿದ್ದ ಹಿಮ್ಮಡಿ ತನ್ನ ಬಣ್ಣಕ್ಕೆ ತಿರುಗಿತು. ಎಣ್ಣೆ ಹಚ್ಚಿದ ಹಾಗೆ ಮಿಂಚಲಿಲ್ಲ, ಹಾಸುಗಲ್ಲಿನ ಮೇಲೆ ಜಾರಲೂ ಇಲ್ಲ. ಬಾಳಮ್ಮ ಶೀಶೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಟಾಕಿಗೆ ಬಂದಳು.

ಅವತ್ತು ಅವಳು ಮಾಡಿದ್ದನ್ನು ನಾನು ಅಂಗಡಿ ಬಿಟ್ಟು ನಿಂತು ನೋಡಿದೆ. ಮೊದಲು ಅಂಟವಾಳದ ನೊರೆಯಲ್ಲಿ ಟೈರನ್ನು ತಿಕ್ಕಿದಳು. ಕಂದು ಬಣ್ಣದ ಹೊಲಸು ಇಳಿಯಿತು, ನೊರೆ ಬೆಳ್ಳಗಾಗುವ ತನಕ ಬಿಡಲಿಲ್ಲ. ಪೂರಾ ಒಣಗಿದ ಮೇಲೆ ಒಂದು ಪಾಲು ಗ್ಲಿಸರಿನ್ನಿಗೆ ನಾಲ್ಕು ಪಾಲು ನೀರು ಕಲಸಿ, ತೆಳ್ಳಗೆ, ಪಕ್ಕಗಳಿಗೆ ಮಾತ್ರ ಹಚ್ಚಿದಳು. ಕಾಲು ಬೀಳುವ ನೆತ್ತಿಯನ್ನು ಬರೀ ತೊಳೆದು ಬಿಟ್ಟಳು. ಒಂದು ಬೀಡಿ ಸೇದುವಷ್ಟು ಹೊತ್ತು ಬಿಟ್ಟು ಒಣ ಬಟ್ಟೆಯಿಂದ ಗಟ್ಟಿಯಾಗಿ ಒರೆಸಿದಳು. ಟೈರು ಶಾಲೆಯ ಮಕ್ಕಳ ಹೊಸ ಪಾಟಿಯ ಹಾಗೆ ಕರ್ರಗೆ ನಿಂತಿತು. ಒದ್ದೆ ಕಾಲಿಟ್ಟು ಹತ್ತಿದಳು, ಪಕ್ಕದ ಅಂಚಿಗೂ ಕಾಲಿಟ್ಟಳು. ಜಾರಲಿಲ್ಲ. ಧೂಳು ಎರಚಿದಳು, ಬಟ್ಟೆಯ ಒಂದೇ ಏಟಿಗೆ ಉದುರಿತು.

“ಮಳಿ ಬಂದ್ರ ತೊಳದು ಹೋಗತದಲ್ಲ,” ಎಂದು ನಾನು ಕೊಂಕು ತೆಗೆದೆ. ಸುಮ್ಮನಿರಲಾರದ ಬಾಯಿ.

“ಹೋಗಲಿ. ಮತ್ತ ನನ್ನ ಹಂತ್ಯಾಕೇ ಬರಬೇಕಲ್ಲ,” ಎಂದಳು.

ಆದರೆ ಬರುವವರು ಯಾರು? ಜಗದೇವಪ್ಪನ ಮನೆಯ ಮಾತು ತಿರುಗುವ ತನಕ ಊರ ಮಾತು ತಿರುಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಎಳ್ಳ ಅಮಾವಾಸ್ಯೆಗೆ ಎರಡು ದಿನ ಇರುವಾಗ ಅವನ ಮನೆಗೇ ಹೋದಳು. ಎಳ್ಳ ಅಮಾವಾಸ್ಯೆ ಎಂದರೆ ನಮ್ಮ ಕಡೆ ಮನೆಗೆ ಮನೆಯೇ ಹೊಲಕ್ಕೆ ಹೋಗಿ ಉಣ್ಣುವ ಹಬ್ಬ. ಜಗದೇವಪ್ಪನ ಮನೆಯ ಹೆಣ್ಣುಮಕ್ಕಳು ಟ್ರಾಲಿಗೆ ಕಾಲಿಡಲು ಇನ್ನೂ ಹೆದರುತ್ತಿದ್ದರು, ಸ್ಟೂಲು ಹುಡುಕುತ್ತಿದ್ದರು. ಗುರುಶಾಂತಮ್ಮನಂತೂ ಬರುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದಳು.

“ಒಂದ ಸಲ ನಿಮ್ಮ ಟ್ರಾಲಿ ತೊಳಿಯಾಕ ಕೊಡ್ರಿ, ಗೌಡ್ರ. ಹೊಳಿಯಂಗಿಲ್ಲ. ಕರ್ರಗಿರತದ. ಅದಕ್ಕ ಒಪ್ಪಿದ್ರ ಕೊಡ್ರಿ,” ಎಂದಳು ಬಾಳಮ್ಮ.

ಅವಳ ಮುಖವನ್ನು ನೆಟ್ಟಗೆ ನೋಡಲಾರದೆ ಜಗದೇವಪ್ಪ ಹೂಂ ಎಂದ. ಮರುದಿನ ಟ್ರಾಲಿ ಟಾಕಿಗೆ ಬಂದು ತೊಳೆಸಿಕೊಂಡು ಹೋಯಿತು.

ಹಬ್ಬದ ಮುಂಜಾನೆ ಏನಾಗುತ್ತದೋ ನೋಡಲೆಂದು ಅವರ ಅಂಗಳದಲ್ಲಿ ನಾನೂ ಇದ್ದೆ. ಬಜ್ಜಿ, ಸಜ್ಜೆ ಕಡಬು, ಅಂಬಲಿಯ ಗಡಿಗೆ ಎಲ್ಲ ಟ್ರಾಲಿ ಸೇರಿದ್ದವು. ಜಗದೇವಪ್ಪ ಟ್ರ್ಯಾಕ್ಟರ್ ಚಾಲೂ ಮಾಡಿ ಸೀಟಿನ ಮೇಲೆ ಕೂತಿದ್ದ. ಗುರುಶಾಂತಮ್ಮ ಕಟ್ಟೆಯ ಮೇಲೆ, ಸೊಟ್ಟ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು. ಬಾಳಮ್ಮ ಬಂದವಳೇ ಅಂಗಳದ ಹಂಡೆಯಿಂದ ಕಾಲಿಗೆ ನೀರು ಹಾಕಿಕೊಂಡಳು. ಎಲ್ಲರೂ ನೋಡುತ್ತಿದ್ದಂತೆ ಟೈರಿನ ಮೇಲೆ ಕಾಲಿಟ್ಟು ಟ್ರಾಲಿ ಹತ್ತಿದಳು, ಇಳಿದಳು. ಮತ್ತೆ ಹತ್ತಿದಳು, ಇಳಿದಳು. ಮೂರನೆಯ ಸಲ ಇಳಿದು ಮುದುಕಿಯ ಮುಂದೆ ನಿಂತಳು.

“ಬರ್ರಿ, ಯವ್ವಾ.”

“ಮತ್ತ ಬೀಳಸಾಕ ಬಂದೀಯೇನಬೇ?” ಎಂದಳು ಗುರುಶಾಂತಮ್ಮ.

“ಬಿದ್ರ ನನ್ನ ಮ್ಯಾಲೇ ಬೀಳ್ತೀರಿ. ಕೆಳಗ ನಿಂದರತೇನಿ.”

ಮುದುಕಿ ಬಹಳ ಹೊತ್ತು ಆ ಗಾಲಿಯನ್ನು ನೋಡಿದಳು. ಹತ್ತಿರ ಬಂದು ಎಡಗೈಯಿಂದ ಮುಟ್ಟಿದಳು, ಬೆರಳನ್ನು ತಿಕ್ಕಿ ನೋಡಿಕೊಂಡಳು. ಬೆರಳು ಸ್ವಚ್ಛ ಇತ್ತು. ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ ಎಡಗೈಯಲ್ಲಿ ಹಲಗೆ ಹಿಡಿದು ಕಾಲಿಟ್ಟಳು. ಕಾಲು ನಿಂತಿತು. ಮೇಲೆ ಹೋಗಿ ಹಲಗೆ ಹಿಡಿದು ತಿರುಗಿದಳು.

“ಇಂಥಾದ್ದು ಬಲ್ಲಾಕಿ, ಅವತ್ತ ಎಣ್ಣಿ ಯಾಕ ಹಚ್ಚಿದಿ?”

“ಗಲತಿ ಆತ್ರಿ. ಹಚ್ಚಿದ ಕೈ ನಂದೇ,” ಎಂದಳು ಬಾಳಮ್ಮ.

“ಕೈ ಯಾರದಂತ ಕೇಳಿಲ್ಲ. ಹಚ್ಚಂದವರು ಯಾರು?”

“ಅದನ್ನ ಹಚ್ಚಂದವರೇ ಹೇಳಬೇಕ್ರಿ.”

ಬಜಾರಿನಲ್ಲಿ ಮಾತಿನ ಮಲ್ಲ ಎನಿಸಿಕೊಂಡ ನಾನು ಜಗದೇವಪ್ಪನ ಬೆನ್ನು ನೋಡಿದೆ. ಜಗದೇವಪ್ಪ ಇಂಜಿನ್ ಬಂದ್ ಮಾಡಿದ. ಹಿಂದೆ ತಿರುಗದೆ ಸ್ಟೇರಿಂಗನ್ನೇ ನೋಡುತ್ತ, “ನಾನೇ ಹಚ್ಚಂದಿದ್ದೆವ್ವ. ಆಕಿ ಬ್ಯಾಡಂದಿದ್ಲು,” ಎಂದ. ಆಗ ನನಗೂ ಬಾಯಿ ಬಂತು. “ಎಣ್ಣಿ ಕೊಟ್ಟವ ನಾನ್ರಿ, ಗುರುಶಾಂತಮ್ಮಾರ.”

ಮುದುಕಿ ಮಗನನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಬಾಳಮ್ಮನನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು.

“ಹನ್ನೊಂದು ವಾರ ಆತು. ಸೊಸಿ ರೊಟ್ಟಿ ಬಡಿಯೋ ಸಪ್ಪಳ ಕೇಳಿದಾಗೊಮ್ಮೆ ಆ ಬಾಳಿ ಕೈಯೂ ಮುರೀಲಿ ಅಂತ ದಿನಾ ಬೇಡಕೊಂಡೇನಿ. ಪೂಜಿಗೆ ಕುಂತಾಗೂ ಅದನ್ನೇ ಬೇಡಕೊಂಡೇನಿ,” ಎಂದಳು.

“ಹತ್ತು, ತಂಗಿ. ನಮ್ಮ ಕೂಡ ಉಣ್ಣಾಕ ಬಾ,” ಎಂದು ಮುದುಕಿ ಕೈ ಚಾಚಿದಳು. ರೂಢಿಯ ಕೈಯೇ ಮುಂದೆ ಬಂತು, ಸೊಟ್ಟಗೆ ಕೂಡಿದ ಬಲಗೈ.

ಬಾಳಮ್ಮ ಅದನ್ನು ಹಿಡಿಯಲಿಲ್ಲ. “ಆ ಕೈ ಇನ್ನೂ ನೋಯತದ್ರಿ ಯವ್ವಾ, ಒಳಗ ತಗೋರಿ,” ಎಂದಳು. ಹಲಗೆ ಹಿಡಿದು ಟೈರಿನ ಮೇಲೆ ಕಾಲಿಟ್ಟು ತಾನೇ ಹತ್ತಿ, ಮುದುಕಿಯ ಬಲಗಡೆ ಕೂತಳು.