ಹತ್ತು ಅಡಿ

ಪೈಲಟ್ ಎಂದರೆ ಹದ್ದಿನ ಕಣ್ಣು, ಮಿಂಚಿನ ಕೈ ಎಂದುಕೊಂಡವರು ನಿಧಾನಯ್ಯನವರನ್ನು ಒಮ್ಮೆ ನೋಡಬೇಕಿತ್ತು. ಅವರು ಶೂ ಲೇಸು ಕಟ್ಟಿ ಮುಗಿಸುವಷ್ಟರಲ್ಲಿ ಉಳಿದವರು ಚಹಾ ಕುಡಿದು ಲೋಟವನ್ನೂ ತೊಳೆದಿಟ್ಟಿರುತ್ತಿದ್ದರು. ಎದುರಿಗೆ ಎಲ್ಲರೂ ‘ಸಾರ್’ ಎನ್ನುತ್ತಿದ್ದರು. ನಿಧಾನಯ್ಯ ಎಂಬುದು ಬೆನ್ನ ಹಿಂದಿನ ಹೆಸರು. ಅದು ಅವರಿಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ.

ಸೇನೆಯ ರಕ್ಷಣಾ ಹೆಲಿಕಾಪ್ಟರಿನಲ್ಲಿ ಅವರ ಹಿಂದೆ ವರ್ಷಗಟ್ಟಲೆ ಕೆಲಸ ಮಾಡಿದವನು ಬಾಗಿಲಿನವನು. ಪಕ್ಕದ ಬಾಗಿಲು ತೆರೆದು, ಹೊಟ್ಟೆಯ ಮೇಲೆ ಮಲಗಿ, ಕೆಳಗೆ ನೋಡುತ್ತ ಉಕ್ಕಿನ ಹಗ್ಗವನ್ನು ಇಳಿಸುವುದು, ಏರಿಸುವುದು ಅವನ ಪಾಲಿನ ಕೆಲಸ. ಗಾಳಿಯಲ್ಲಿ ನಿಂತ ಹೆಲಿಕಾಪ್ಟರಿನ ಅಡಿಯಲ್ಲಿ ಏನಿದೆಯೆಂಬುದು ಪೈಲಟ್‌ಗೆ ಕಾಣುವುದಿಲ್ಲ. ಬಾಗಿಲಿನವನು ‘ಮುಂದೆ ನಾಲ್ಕು ಅಡಿ, ಎಡಕ್ಕೆ ಎರಡು, ಹಾಗೇ ನಿಲ್ಲಿ’ ಎಂದು ಕಿವಿಯಲ್ಲಿ ಹೇಳುತ್ತಿರಬೇಕು, ಇವರು ಕೇಳುತ್ತಿರಬೇಕು. ಹೇಳಿದ ಮಾತನ್ನು ಅಷ್ಟೊಂದು ಕೇಳುವುದು ಯಾವ ಸಂಸಾರದಲ್ಲೂ ಇರಲಾರದು.

ಮೊದಲ ದಿನವೇ ನಿಧಾನಯ್ಯ ಅವನಿಗೆ ಹೇಳಿದ್ದರು: “ನಮ್ಮಪ್ಪ ಬಸ್ ಡ್ರೈವರು. ಹಿಂದಕ್ಕೆ ತಗೊಳ್ಳುವಾಗ ಕಂಡಕ್ಟರು ‘ಬರ್ಲಿ, ಬರ್ಲಿ’ ಅಂದ್ರೆ ಬರ್ಬೇಕು, ‘ಹೋಲ್ಡಾನ್’ ಅಂದ್ರೆ ನಿಲ್ಬೇಕು. ಅಪ್ಪ ಒಂದಿನವೂ ಕತ್ತು ತಿರುಗಿಸಿ ನೋಡ್ದೋರಲ್ಲ. ಒಂದ್ಸಲ ನೋಡಿದ್ರೆ ಸಾಕಂತೆ, ಆಮೇಲೆ ಅವನು ಮನಸ್ಸಿಟ್ಟು ಹೇಳಲ್ಲ.”

ಆ ಮಾತು ಯುದ್ಧದಲ್ಲಿ ಪರೀಕ್ಷೆಗೆ ಬಿತ್ತು. ಬೆಟ್ಟದ ಅಂಚಿನಲ್ಲಿ ಗಾಯಾಳು ಸೈನಿಕರು ಸಿಕ್ಕಿಬಿದ್ದಿದ್ದರು. ಇಳಿಯಲು ಜಾಗವಿಲ್ಲ, ಒಂದೇ ಒಂದು ಚಕ್ರವನ್ನು ಬಂಡೆಗೆ ಊರಿ, ಉಳಿದ ಭಾರವನ್ನೆಲ್ಲ ಗಾಳಿಯಲ್ಲೇ ಹಿಡಿದಿರಬೇಕು. ಎದ್ದ ಧೂಳಿನಲ್ಲಿ ಮುಂದಿನ ಗಾಜು ಗೋಡೆಯಾಯಿತು. ಎದುರು ಗುಡ್ಡದಿಂದ ಹಾರಿದ ಗುಂಡುಗಳಲ್ಲಿ ಒಂದು ಬಾಲಕ್ಕೆ, ಇನ್ನೊಂದು ಅವರ ಸೀಟಿನ ಬೆನ್ನಿಗೇ ಬಡಿಯಿತು. ಬಾಗಿಲಿನವನು “ಹಾಗೇ, ಹಾಗೇ” ಎನ್ನುತ್ತಿದ್ದ. ಕೊನೆಯ ಸ್ಟ್ರೆಚರ್ ಒಳಗೆ ಬರುವವರೆಗೂ ಅವರು ಹಾಗೇ ನಿಂತರು.

ಅದಕ್ಕೆ ಪದಕ ಬಂತು. ಸಮಾರಂಭ ಮುಗಿಸಿ ಅವರು ನೇರವಾಗಿ ಹೋದದ್ದು ಬಾಗಿಲಿನವನ ಮನೆಗೆ. ಅವನ ಹೆಂಡತಿಯ ಕೈಗೆ ಡಬ್ಬಿ ಕೊಟ್ಟು, “ತಂಗೀ, ಇದು ಒಂದು ತಿಂಗಳು ನಿಮ್ಮನೇಲಿರ್ಲಿ, ಒಂದು ತಿಂಗಳು ನಮ್ಮನೇಲಿ” ಎಂದರು. ಅವಳು ಅದನ್ನು ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯ ಪಕ್ಕದಲ್ಲಿಟ್ಟಳು.

ಯುದ್ಧ ಮುಗಿದ ಮೇಲೆ ಇಬ್ಬರನ್ನೂ ಕಡಲ ತೀರದ ನೆಲೆಗೆ ಹಾಕಿದರು. ಗಾಳಿ ಎದ್ದ ಒಂದು ಮಧ್ಯಾಹ್ನ ಮೀನುಗಾರರ ದೋಣಿಯೊಂದು ಎಂಜಿನ್ ಕೆಟ್ಟು ಮುಳುಗತೊಡಗಿತ್ತು. ಹಗ್ಗದ ತುದಿಗೆ ಕಟ್ಟಿಕೊಂಡು ಇಳಿಯುವ ಸಿಪಾಯಿಯನ್ನು ಹಗ್ಗದವನು ಎನ್ನುತ್ತಿದ್ದರು. ಅವನು ಐವರು ಮೀನುಗಾರರನ್ನು ಒಬ್ಬೊಬ್ಬರಾಗಿ ಮೇಲೆ ಕಳಿಸಿದ. ಕೊನೆಗೆ ತಾನು ಕೊಂಡಿ ಹಾಕಿಕೊಂಡ ಕೂಡಲೇ ದೊಡ್ಡ ಅಲೆಯೊಂದು ದೋಣಿಯನ್ನು ವಾಲಿಸಿತು, ಹಗ್ಗ ಹೋಗಿ ದೋಣಿಯ ಕಂಬಕ್ಕೆ ಸುತ್ತಿಕೊಂಡಿತು.

ಇಂಥ ಹೊತ್ತಿಗೆ ನಿಯಮ ಒಂದೇ: ಹಗ್ಗ ಕತ್ತರಿಸಬೇಕು. ಇಲ್ಲವಾದರೆ ಮುಳುಗುವ ದೋಣಿ ಹೆಲಿಕಾಪ್ಟರನ್ನೂ ಎಳೆದುಕೊಳ್ಳುತ್ತದೆ. ಬಾಗಿಲಿನವನು ‘ಕತ್ತರಿಸಿ’ ಎಂದರೆ ಸಾಕು, ಪೈಲಟ್ ಗುಂಡಿ ಒತ್ತುತ್ತಾರೆ. ಆದರೆ ಕೆಳಗಿದ್ದವನು ಮುಖವೆತ್ತಿ ಇವನನ್ನೇ ನೋಡುತ್ತಿದ್ದ. ಇವನ ಬಾಯಿಗೆ ಆ ಮಾತು ಬರಲಿಲ್ಲ. ಇನ್ನಷ್ಟು ಕೆಳಗಿಳಿದು ಕಂಬದ ಹತ್ತಿರಕ್ಕೆ ಸರಿದರೆ ಹಗ್ಗ ಸಡಿಲವಾದೀತು ಅನ್ನಿಸಿತು.

“ಕೆಳಗೆ ಐದು, ಬಲಕ್ಕೆ ಮೂರು,” ಎಂದ. ಹೆಲಿಕಾಪ್ಟರ್ ಇಳಿಯಿತು, ಸರಿಯಿತು.

“ಕಂಬಕ್ಕೂ ರೆಕ್ಕೆಗೂ ಎಷ್ಟಿದೆ?” ನಿಧಾನಯ್ಯ ಕೇಳಿದರು.

ಹತ್ತು ಅಡಿಗಿಂತ ಕಡಿಮೆಯಿದ್ದರೆ ಪೈಲಟ್ ಹಗ್ಗ ಕತ್ತರಿಸಿ ಮೇಲೇಳಲೇಬೇಕು. ಬಾಗಿಲಿನವನ ಕಣ್ಣಿಗೆ ಕಂಡದ್ದು ಮೂರು.

“ಹತ್ತು,” ಎಂದ.

ಹೆಲಿಕಾಪ್ಟರ್ ಅಲ್ಲಾಡದೆ ನಿಂತಿತು. ಅಲೆ ಬಂತು, ಕಂಬ ವಾಲಿತು, ಸುತ್ತಿಕೊಂಡಿದ್ದ ಹಗ್ಗ ಕಂಬದಿಂದ ಬಿಚ್ಚಿಕೊಂಡಿತು. ಹಗ್ಗದವನು ಮೇಲೆ ಬಂದವನೇ ಮೀನುಗಾರರ ಕಾಲ ಬಳಿ ಬಿದ್ದು ಉಪ್ಪುನೀರು ಕಾರಿದ.

ಅಂದು ರಾತ್ರಿ ಬಾಗಿಲಿನವನು ಅನ್ನವನ್ನು ಕಲಸುತ್ತಲೇ ಕೂತ. “ಎಲ್ರೂ ಬದುಕಿ ಬಂದ್ರಲ್ಲ, ಮತ್ಯಾಕೆ ಈ ಮುಖ?” ಎಂದಳು ಹೆಂಡತಿ. ಅವನು ಎಲ್ಲ ಹೇಳಿದ. ಅವಳು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು.

“ಒಬ್ಬನಿಗೋಸ್ಕರ ಒಳಗಿದ್ದೋರನ್ನೆಲ್ಲ ಪಣಕ್ಕಿಟ್ರಿ. ಸರಿಯೋ ತಪ್ಪೋ ನಂಗೆ ಗೊತ್ತಾಗಲ್ಲ. ಆದ್ರೆ ಅಣ್ಣ ನಿಮ್ಮ ಮಾತು ನಂಬಿ ನಿಂತಿದ್ರು. ಅವರಿಗೆ ಹೇಳ್ಬಿಡಿ.”

ಹೇಳುವುದು ಸುಲಭವೇ? ಹೇಳಿದರೆ ಅವರು ಇನ್ನು ತನ್ನ ಮಾತು ನಂಬಿ ಹಾರಲಾರರು. ಆ ಬಾಗಿಲಿಗೆ ಬೇರೆ ಯಾರಾದರೂ ಬರುತ್ತಾರೆ. ಹೇಳದಿದ್ದರೆ ಮುಂದಿನ ಸಲ ತನಗೇ ಬಾಯಿ ಏಳದು. ಅವನಿಗೆ ನಿಜಕ್ಕೂ ಭಯವಾಯಿತು. ಬೆಟ್ಟದ ಅಂಚಿನಲ್ಲೂ ಅಷ್ಟು ಭಯವಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಶೆಡ್ಡಿನ ಬೆಂಚಿನ ಮೇಲೆ ಕೂತು ನಿಧಾನಯ್ಯ ಲೇಸು ಕಟ್ಟುತ್ತಿದ್ದರು. ಅವನು ಎದುರಿಗೆ ಹೋಗಿ ನಿಂತ.

“ನಿನ್ನೆ ಹತ್ತಿರಲಿಲ್ಲ ಸಾರ್. ಮೂರಿತ್ತು.”

“ಗೊತ್ತು,” ಎಂದರು ಅವರು, ಗಂಟಿನಿಂದ ಕಣ್ಣು ತೆಗೆಯದೆ. “ಕಂಬದ ತುದಿ ನನ್ನ ಕಿಟಕಿಯಲ್ಲೇ ಕಾಣ್ತಿತ್ತು. ಕೆಂಪು ಬಣ್ಣ ಹೊಡೆದಿದ್ರು, ಅರ್ಧ ಕಿತ್ತುಹೋಗಿತ್ತು.”

ಬಾಗಿಲಿನವನು ಬಗ್ಗಿ ಅವರ ಮುಖ ನೋಡಿದ. “ಮತ್ಯಾಕೆ ಸಾರ್ ಮೇಲೆ ಹೋಗ್ಲಿಲ್ಲ?”

“ಇಷ್ಟು ವರ್ಷದಲ್ಲಿ ನೀನು ನಂಗೆ ಸುಳ್ಳು ಹೇಳಿದ್ದು ಅದೊಂದೇ ಸಲ. ಕೆಳಗಿರೋನಿಗೆ ಬೇರೆ ದಾರಿ ಇಲ್ಲ ಅಂತ ಅದ್ರಲ್ಲೇ ತಿಳೀತು.” ಒಂದು ಶೂ ಮುಗಿಯಿತು. ಅವರು ಇನ್ನೊಂದಕ್ಕೆ ಕೈ ಹಾಕಿದರು. “ಸುಳ್ಳಿಗೆ ನಂಗೆ ಬೇಜಾರಿಲ್ಲ. ಮೂರು ಅಂದಿದ್ರೆ ನಾನು ಬಿಟ್ಟು ಹೋಗ್ತಿದ್ದೆ ಅಂದ್ಕೊಂಡ್ಯಲ್ಲ, ಅದಕ್ಕೆ ಬೇಜಾರು. ಇನ್ಮೇಲೆ ಮೂರಿದ್ರೆ ಮೂರು ಅನ್ನು.”

ಬಾಗಿಲಿನವನ ಕಣ್ಣು ತುಂಬಿತು. ಏನಾದರೂ ಹೇಳೋಣವೆನ್ನುವಷ್ಟರಲ್ಲಿ ಸೈರನ್ ಕೂಗಿತು; ಎಲ್ಲೋ ಯಾರೋ ಮುಳುಗುತ್ತಿದ್ದರು. ನಿಧಾನಯ್ಯ ಎರಡನೆಯ ಲೇಸಿನ ತುದಿಯನ್ನು ಇನ್ನೂ ಹುಡುಕುತ್ತಿದ್ದರು. ಅವನು ಮಂಡಿಯೂರಿ ಕೂತು, ಅವರ ಕೈಯನ್ನು ಪಕ್ಕಕ್ಕೆ ಸರಿಸಿ, ತಾನೇ ಬಿಗಿಯಾಗಿ ಕಟ್ಟಿದ.

“ಆಯ್ತು ಸಾರ್, ಏಳಿ,” ಎಂದ.

ಅವರು ಕೆಳಗೆ ನೋಡದೆ ಎದ್ದು ನಡೆದರು.