ನೀರು ಕಾಣದ ಚಾನಲ್ಲಿನ ಭಾನುವಾರಗಳು

ಬೆಳಿಗ್ಗೆ ಹಾಲಿಗೆಂದು ಬಾಗಿಲು ತೆಗೆದರೆ ಮೂಗಿಗೆ ಬಡಿದದ್ದು ತರಗೆಲೆ ಸುಟ್ಟ ಹೊಗೆ. ಪಕ್ಕದ ಖಾಲಿ ಸೈಟಿನಲ್ಲಿ ಯಾರೋ ಕಸ ಗುಡಿಸಿ ಗುಡ್ಡೆ ಹಾಕಿ ಕಡ್ಡಿ ಗೀರಿದ್ದರು. ಇಂಥ ಹೊಗೆಯನ್ನು ಕಂಡರೆ ಕೆಮ್ಮುತ್ತ ಬೈಯುವುದು ನನ್ನ ವಯಸ್ಸಿನವರ ಹಕ್ಕು. ಆದರೆ ನಾನು ಬೈಯಲಿಲ್ಲ. ಪಾತ್ರೆ ಹಿಡಿದುಕೊಂಡು, ಹಾಲಿನವನು ಹೋದ ಮೇಲೂ ಅಲ್ಲೇ ನಿಂತಿದ್ದೆ. ಆ ಹೊಗೆ ನನ್ನನ್ನು ನೇರವಾಗಿ ಮದುವೆಯಾದ ಮೊದಲ ಬೇಸಿಗೆಗೆ ಎತ್ತಿಕೊಂಡು ಹೋಗಿತ್ತು. ಬನ್ನಿ, ನೀವೂ ಜೊತೆಗೆ ಬನ್ನಿ. ದೂರವೇನಿಲ್ಲ, ಭದ್ರಾವತಿಯ ತನಕ.

ನಾನು ಶಿವಮೊಗ್ಗದ ಗಾಂಧಿ ಬಜಾರಿನ ಹುಡುಗಿ. ಕೆಳಗೆ ಅಪ್ಪನ ಬಟ್ಟೆ ಅಂಗಡಿ, ಮೇಲೆ ಮನೆ. ನಡೆಯುವುದು ಎಂದರೆ ಎಲ್ಲಿಗಾದರೂ ಹೋಗುವುದು ಎಂದಷ್ಟೇ ನನಗೆ ಗೊತ್ತಿದ್ದದ್ದು: ಸ್ಕೂಲಿಗೆ, ಗುಡಿಗೆ, ಚಿಕ್ಕಮ್ಮನ ಮನೆಗೆ. ಎಲ್ಲಿಗೂ ಹೋಗುವುದಿಲ್ಲದೆ, ಸುಮ್ಮನೆ ನಡೆಯುವುದಕ್ಕಾಗಿಯೇ ನಡೆಯುವ ಮನುಷ್ಯರೂ ಲೋಕದಲ್ಲಿದ್ದಾರೆ ಎಂದು ತಿಳಿದದ್ದು ಅಂಥ ಒಬ್ಬರನ್ನು ಮದುವೆಯಾದ ಮೇಲೆ.

ಇವರು ಭದ್ರಾವತಿಯಲ್ಲಿ ಹೈಸ್ಕೂಲು ಮೇಷ್ಟ್ರು. ಮಾವನವರು ಕಾರ್ಖಾನೆಯ ಕೆಲಸದಲ್ಲಿದ್ದುದರಿಂದ ನಾವಿದ್ದದ್ದು ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ. ಎರಡು ಕೋಣೆ, ಒಂದು ಅಡಿಗೆಮನೆ, ನಡುವೆ ಹೆಸರಿಗೊಂದು ಗೋಡೆ. ಈ ಕೋಣೆಯಲ್ಲಿ ನಾನು ಸೀನಿದರೆ ಆ ಕೋಣೆಯಿಂದ ಅತ್ತೆಯ ‘ಶಿವ ಶಿವಾ’ ಕೇಳಿಸುತ್ತಿತ್ತು. ಇಂಥ ಮನೆಯಲ್ಲಿ ಹೊಸದಾಗಿ ಮದುವೆಯಾದವರು ಏನು ಮಾತಾಡಿಕೊಳ್ಳಬೇಕು, ನೀವೇ ಹೇಳಿ. ನಾವು ಏನೂ ಮಾತಾಡಿಕೊಳ್ಳಲಿಲ್ಲ. ‘ಇನ್ನೊಂದು ರೊಟ್ಟಿ?’ ಎಂದರೆ ‘ಸಾಕು’. ‘ಛತ್ರಿ ಬೇಡ್ವಾ?’ ಎಂದರೆ ‘ಬೇಡ’. ದಿನವಿಡೀ ತರಗತಿಯಲ್ಲಿ ಗಂಟಲು ಹರಿದುಕೊಳ್ಳುವ ಮನುಷ್ಯ ಮನೆಗೆ ಬಂದೊಡನೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಇವರಿಗೆ ನಾನು ಇಷ್ಟವಿಲ್ಲ, ದೊಡ್ಡವರ ಮಾತಿಗೆ ತಾಳಿ ಕಟ್ಟಿದ್ದಾರೆ ಎಂದು ನಾನು ತೀರ್ಮಾನ ಮಾಡಿಯೂ ಆಗಿತ್ತು. ಬಚ್ಚಲಿನಲ್ಲಿ ನೀರು ಸುರಿದುಕೊಳ್ಳುವ ಸದ್ದಿನಲ್ಲಿ ಅಳುವುದನ್ನೂ ಕಲಿತಿದ್ದೆ.

ಒಂದು ಭಾನುವಾರ ಇವರು ಗೋಡೆಯನ್ನು ನೋಡುತ್ತ ಹೇಳಿದರು: “ಕಾಡಿನ ಕಡೆ ಹೋಗ್ಬರೋಣ್ವಾ?”

ಗೋಡೆಯನ್ನಲ್ಲ, ನನ್ನನ್ನೇ ಕೇಳಿದ್ದು ಎಂದು ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅತ್ತೆಗೆ ‘ಸೀಗೆಕಾಯಿ ತರ್ತೀವಿ’ ಎಂದು ನೆವ ಹೇಳಿ, ಅವಲಕ್ಕಿ ಕಟ್ಟಿಕೊಂಡು, ಶಂಕರಘಟ್ಟದ ಕಡೆಯ ಬಸ್ಸು ಹತ್ತಿ ನಡುದಾರಿಯಲ್ಲಿ ಇಳಿದೆವು. ಮುತ್ತುಗದ ಮರಗಳೆಲ್ಲ ಎಲೆ ಕಳಚಿ ಕೆಂಪಗೆ ಹೂ ಬಿಟ್ಟಿದ್ದವು. ಕಾಡಿನೊಳಗೆ ಒಂದು ತಿರುವು ದಾಟಿದ್ದೇ ತಡ, ಈ ಮನುಷ್ಯ ಮಾತಿಗೆ ಶುರು ಮಾಡಿದರು ನೋಡಿ! ಯಾವ ಹಕ್ಕಿ, ಯಾವ ಮರ, ಚಿಕ್ಕವರಿದ್ದಾಗ ಮರದಿಂದ ಬಿದ್ದದ್ದು, ಹೆಡ್‌ಮಾಸ್ಟರ ನಡಿಗೆ, ಎಲ್ಲವೂ ಬಂತು. ನಡುವೆ ನಿಂತು, “ನಿಂಗೇನಿಷ್ಟ?” ಎಂದರು.

ಏನಿಷ್ಟ! ಹುಟ್ಟಿದಾಗಿನಿಂದ ನನ್ನನ್ನು ಯಾರೂ ಕೇಳದಿದ್ದ ಪ್ರಶ್ನೆ. ಕೈಯಲ್ಲಿದ್ದ ಗಂಟು ನೋಡಿ “ಹುಳಿ ಅವಲಕ್ಕಿ” ಎಂದುಬಿಟ್ಟೆ. ಇವರು ಕಾಡು ಮೊಳಗುವಂತೆ ನಕ್ಕರು. ಅಲ್ಲಿಂದ ಭಾನುವಾರ ಬಂತೆಂದರೆ ಕಾಡು. ಮನೆಯಲ್ಲಿ ಸೀಗೆಕಾಯಿ ಎಷ್ಟು ತುಂಬಿತೆಂದರೆ ಅತ್ತೆ ಬೀದಿಯವರಿಗೆಲ್ಲ ಹಂಚತೊಡಗಿದರು. ನಮ್ಮ ಸಾಲಿನ ಹೆಂಗಸರ ತಲೆಗೂದಲು ಆ ವರ್ಷ ಮಿಂಚಿದಷ್ಟು ಮತ್ತೆಂದೂ ಮಿಂಚಲಿಲ್ಲ.

ಬಿಸಿಲು ಬಲಿತ ಒಂದು ಭಾನುವಾರ ಕಾಡಿನ ಬಾಗಿಲಲ್ಲಿ ದಾರಿಗೆ ಅಡ್ಡಗೋಲು ಇಳಿಸಿದ್ದರು. ಗಾಳಿಯಲ್ಲಿ ಹೊಗೆ. ದೂರದ ಗುಡ್ಡದ ಮೇಲೆ ಬೂದು ಮೋಡದಂಥದ್ದು ಕೂತಿತ್ತು. ಗಾರ್ಡು ಎದ್ದು ಬಂದ.

“ಒಳಗೆ ಬಿಡೋ ಹಾಗಿಲ್ಲ ಮೇಷ್ಟ್ರೇ. ಆ ಗುಡ್ಡಕ್ಕೆ ಬೆಂಕಿ ಬಿದ್ದಿದೆ. ಮಳೆ ಬೀಳೋ ತನಕ ಯಾರನ್ನೂ ಬಿಡಬೇಡಿ ಅಂತ ಆರ್ಡರ್ರು.”

“ನಾವೇನು ಬೀಡಿ ಸೇದೋರಲ್ಲ ಮಾರಾಯ.”

“ನೀವು ಸೇದಲ್ಲ ಅಂತ ಬೆಂಕಿಗೇನು ಗೊತ್ತು ಸ್ವಾಮಿ? ಗಾಳಿ ತಿರುಗಿದ್ರೆ ಜಿಂಕೆಗೇ ಓಡೋಕೆ ದಾರಿ ಸಿಗಲ್ಲ. ಅಮ್ಮಾವ್ರನ್ನ ಕರ್ಕೊಂಡು ವಾಪಸ್ ಹೋಗಿ.”

ಅವನು ಹೇಳಿದ್ದು ಸರಿಯೇ. ಅವನ ಹುಬ್ಬು ಅರ್ಧ ಸುಟ್ಟಿತ್ತು, ಅಂಗಿಯೆಲ್ಲ ಮಸಿ. ಆದರೆ ಮಳೆ ಬೀಳುವ ತನಕ ಎಂದರೆ! ಬಸ್ಸು ಹತ್ತಿ ವಾಪಸು ಹೊರಟೆವು. ಕಾಡಿಗೆ ಬಿದ್ದ ಬೆಂಕಿಗಿಂತ, ಮಳೆಗಾಲದ ತನಕ ‘ಸಾಕು’, ‘ಬೇಡ’ ಎಂಬ ಎರಡು ಮಾತುಗಳಲ್ಲಿ ಬದುಕಬೇಕಲ್ಲ ಎಂಬ ಉರಿಯೇ ನನಗೆ ಹೆಚ್ಚಾಗಿತ್ತು. ಸ್ವಾರ್ಥ ಅನ್ನಿ. ಹೊಸ ಹೆಂಡತಿಯಷ್ಟು ಸ್ವಾರ್ಥಿ ಇನ್ನಾರೂ ಇಲ್ಲ.

ಹಾಗೆಂದು ಸುಮ್ಮನೆ ಕೂರಲಿಲ್ಲ. ಮುಂದಿನ ವಾರ ಹೊಳೆದಂಡೆಗೆ ಹೋದೆವು. ಭದ್ರೆಯೇನೋ ಚೆಲುವೆ, ಆದರೆ ಅವಳ ದಂಡೆಯ ಮೇಲೆ ಅರ್ಧ ಭದ್ರಾವತಿ ಬಟ್ಟೆ ಒಗೆಯುತ್ತಿತ್ತು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ನಮ್ಮನ್ನು ವಿಚಾರಿಸಿಕೊಂಡರು. ನಾಲ್ಕು ಹೆಜ್ಜೆಗೊಬ್ಬ ಹುಡುಗ ‘ನಮಸ್ಕಾರ ಸಾರ್’ ಎಂದು ಅಟೆನ್ಷನ್ನಿನಲ್ಲಿ ನಿಲ್ಲುತ್ತಿದ್ದ. ಇವರು ಪ್ರತಿಸಲವೂ ನನ್ನಿಂದ ಒಂದು ಮಾರು ದೂರ ಸರಿಯುತ್ತಿದ್ದರು. ಕೊನೆಗೆ ನಾನು ಯಾರದೋ ಹೆಂಡತಿ, ಇವರು ಇನ್ಯಾರದೋ ಗಂಡ ಎನ್ನುವಷ್ಟು ದೂರವಾಯಿತು. ಅದರ ಮುಂದಿನ ವಾರ ರೈಲುಹಳಿಯ ಪಕ್ಕದ ಕಾಲುದಾರಿ. ಅಲ್ಲಿ ಹಳಿ ನೋಡಿಕೊಳ್ಳುವ ಮುದುಕರೊಬ್ಬರು ನಮ್ಮ ಮುಖ ನೋಡಿ ಬೇರೇನೋ ಸಂಶಯಪಟ್ಟು, “ಏನೇ ಕಷ್ಟ ಇದ್ರೂ ಮಾತಾಡ್ಕೊಂಡ್ರೆ ಬಗೆಹರಿಯುತ್ತಪ್ಪಾ, ಮನೆಗೆ ಹೋಗಿ” ಎಂದು ಕೈಮುಗಿದರು. ಮಾತಾಡಿಕೊಳ್ಳುವುದಕ್ಕೇ ಬಂದಿದ್ದು ಎಂದು ಅವರಿಗೆ ಹೇಗೆ ಹೇಳುವುದು?

ದಾರಿ ಸಿಕ್ಕಿದ್ದು ನನಗೆ. ಈ ಮಾತನ್ನು ಇವತ್ತಿಗೂ ಜಂಬದಿಂದಲೇ ಹೇಳುತ್ತೇನೆ. ತೌರಿಗೆ ಹೋಗಿ ಶಿವಮೊಗ್ಗದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಕಿಟಕಿಯಾಚೆ ಗದ್ದೆಬಯಲಿನಲ್ಲಿ ಒಂದು ಕೆಂಪು ರುಮಾಲು ನೆಲದ ಮೇಲೆ ತಾನೇ ತಾನಾಗಿ ಜಾರಿಕೊಂಡು ಹೋಗುತ್ತಿತ್ತು. ಕೆಳಗೆ ತಲೆಯಿಲ್ಲ, ಮೈಯಿಲ್ಲ, ಬರೀ ರುಮಾಲು! ಬಸ್ಸು ಹತ್ತಿರವಾದಾಗ ಗುಟ್ಟು ತಿಳಿಯಿತು. ಅಣೆಕಟ್ಟಿನ ನೀರಿಗೆಂದು ಹೊಸದಾಗಿ ತೋಡಿದ್ದ ಚಾನಲ್ಲಿನೊಳಗೆ ಎತ್ತರದ ಮನುಷ್ಯನೊಬ್ಬ ನಡೆದು ಹೋಗುತ್ತಿದ್ದ. ಚಾನಲ್ಲಿಗೆ ಇನ್ನೂ ನೀರು ಬಂದಿರಲಿಲ್ಲ. ನಮ್ಮವರೇನೂ ಅಷ್ಟು ಎತ್ತರದವರಲ್ಲ ಎಂದು ಆ ದಿನ ಮೊದಲ ಸಲ ದೇವರಿಗೆ ಕೈಮುಗಿದೆ.

ಊಟಕ್ಕೆ ಬಡಿಸುತ್ತ, ಅತ್ತೆ ಹಿತ್ತಲಿಗೆ ಹೋದ ಗಳಿಗೆಯಲ್ಲಿ ಪಿಸುಗುಟ್ಟಿದೆ: “ಚಾನಲ್ ಒಳಗೆ ನಡೆದ್ರೆ ಯಾರಿಗೂ ಕಾಣಲ್ಲ ರೀ.”

ಇವರ ತುತ್ತು ಗಾಳಿಯಲ್ಲೇ ನಿಂತಿತು. ಆಮೇಲೆ ಕಣ್ಣಿನಲ್ಲಿ ಒಂದು ನಗು ಹತ್ತಿಕೊಂಡಿತು. “ಭಾನುವಾರ,” ಎಂದರು. ಆ ದಿನ ‘ಸಾಕು’ ಎನ್ನದೆ ಎರಡು ರೊಟ್ಟಿ ಹೆಚ್ಚಿಗೆ ತಿಂದರು.

ನೀರಿಲ್ಲದ ಚಾನಲ್ಲಿನಲ್ಲಿ ನೀವು ನಡೆದಿದ್ದೀರಾ? ಎರಡೂ ಬದಿಗೆ ಓರೆಯಾಗಿ ಕಲ್ಲು ಕಟ್ಟಿದ ಗೋಡೆ, ಕೆಳಗೆ ಹಾಸಿದಂತೆ ಸಮನೆಲ, ತಲೆಯ ಮೇಲೆ ಉದ್ದಕ್ಕೆ ಕತ್ತರಿಸಿಟ್ಟ ಆಕಾಶ. ಊರು, ಗದ್ದೆ, ಜನ ಎಲ್ಲ ಮೇಲೆಯೇ ಉಳಿದುಬಿಡುತ್ತವೆ. ಏರಿಯ ಮೇಲೆ ಎತ್ತಿನ ಗಾಡಿ ಹೋದರೆ ಗಂಟೆಯ ಸದ್ದಷ್ಟೇ ನಮಗೆ. ಕಾಡಿನಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತು ಅಲ್ಲಿ ಆಡಿದೆವು. ಅಲ್ಲಲ್ಲಿ ಗಾಡಿದಾರಿಗೆ ಕಟ್ಟಿದ ಸಣ್ಣ ಸೇತುವೆಗಳಿದ್ದವು. ಅವುಗಳ ಕೆಳಗೆ ನಿಂತು ಇವರು ರಾಗ ಎಳೆಯುತ್ತಿದ್ದರು. ಕಲ್ಲಿನ ಕಮಾನಿಗೆ ಬಡಿದು ದನಿ ದುಂಡಗಾಗಿ ವಾಪಸು ಬರುತ್ತಿತ್ತು. ಇವರಿಗೆ ಹಾಡಲು ಬರುತ್ತದೆಂದು ಹೆತ್ತ ತಾಯಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಾಗಿತ್ತು. ಅದೆಂಥ ಸಿರಿ!

ಆ ಸಿರಿಯ ಕೊನೆಯ ಭಾನುವಾರ, ಅದು ಕೊನೆಯದೆಂದು ನಮಗೆ ತಿಳಿದಿರಲಿಲ್ಲ, ನಾನು ಕಾಲಿಗೆ ಮುಳ್ಳು ಚುಚ್ಚಿಸಿಕೊಂಡೆ. ಅದನ್ನು ಕಿತ್ತುಕೊಳ್ಳಲು ಮೆಟ್ಟಿಲು ಹತ್ತಿ ಏರಿಯ ಮೇಲೆ ಕೂತೆ. ಇವರು ಹಾಡಿಕೊಂಡು ಮುಂದಿನ ಸೇತುವೆಯ ಕೆಳಗೆ ಹೋದರು. ಆಗ ಮೇಲುಗಡೆಯಿಂದ ಜನ ಓಡಿ ಬರುವ ಗದ್ದಲ ಕೇಳಿತು. ಗಂಡಸರು, ಹೆಂಗಸರು, ಮಕ್ಕಳು, ಹಿಂದೆ ನಾಯಿಗಳು.

“ನೀರು ಬಿಟ್ಟವ್ರೆ! ನೀರು ಬಂತು ನೀರು!”

ನಾನು ಎದ್ದು ನಿಂತು ನೋಡಿದೆ. ನೊರೆ, ಒಣಗಿದ ಎಲೆ, ಕಡ್ಡಿ, ಕೆಂಪು ದೂಳು ಎಲ್ಲವನ್ನೂ ಮುಂದಕ್ಕೆ ದಬ್ಬಿಕೊಂಡು ನೀರಿನ ತಲೆ ತಿರುವಿನಲ್ಲಿ ಹೊರಳಿ ಬರುತ್ತಿತ್ತು. ಮುಂದಿನದು ಸಣ್ಣದೇ, ಹಿಂದಿನದರ ಎತ್ತರ ನೋಡಿ ನನ್ನ ಜೀವ ಹಾರಿಹೋಯಿತು. ಇವರು ಸೇತುವೆಯ ಕೆಳಗೆ, ಈ ಕಡೆಗೆ ಬೆನ್ನು ಮಾಡಿ ನಿಂತಿದ್ದರು.

“ರೀ!” ಎಂದು ಕೂಗಿದೆ.

ಏರಿಯ ಮೇಲಿದ್ದ ಮೂವರು ರೈತರು ತಿರುಗಿ ನೋಡಿದರು. ‘ರೀ’ ಎಂದರೆ ಯಾರು ಬೇಕಾದರೂ ತಿರುಗಬಹುದಷ್ಟೆ. ತಿರುಗಬೇಕಾದವರೊಬ್ಬರು ಮಾತ್ರ ತಿರುಗಲಿಲ್ಲ. ಮತ್ತೆ ಕೂಗಿದೆ: “ರೀ, ಇವ್ರೇ! ಮೇಷ್ಟ್ರೇ!” ಊಹೂಂ. ಮುಳ್ಳಿನ ಕಾಲಿನಲ್ಲೇ ಏರಿಯ ಮೇಲೆ ಓಡಿದೆ. ಸೆರಗು ಜಾರಿದ್ದು ಗೊತ್ತಾಗಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕುಗ್ಗುತ್ತದೆ ಎಂದು ನಮ್ಮಮ್ಮ ಹೇಳಿಕೊಟ್ಟಿದ್ದಳು. ಹೇಳದಿದ್ದರೆ ಇಲ್ಲೇ ಮುಗಿಯುವ ಹಾಗಿತ್ತು.

“ಚನ್ನಬಸಪ್ಪಾ!” ಎಂದು ಕಿರುಚಿದೆ. “ಏ ಚನ್ನಬಸಪ್ಪಾ! ಮೇಲೆ ಹತ್ತೋ!”

ಹೌದು, ‘ಹತ್ತೋ’ ಎಂದೆ. ಮುಚ್ಚಿಟ್ಟು ಏನು ಮಾಡಲಿ?

ಇವರು ತಿರುಗಿದರು. ನೀರಿನ ತಲೆ ಆಗಲೇ ಕಾಲು ಮುಟ್ಟುತ್ತಿತ್ತು. ಓರೆಗೋಡೆಗೆ ಎಗರಿದರು, ಜಾರಿದರು. ಮೊಣಕಾಲಿಗೆ ನೀರು ಬಂತು. ಅಷ್ಟರಲ್ಲಿ ಆ ಮೂವರು ರೈತರಲ್ಲೊಬ್ಬ ರುಮಾಲು ಬಿಚ್ಚಿ ಇವರ ಕೈಗೆ ಸಿಗುವಂತೆ ಕೆಳಗೆ ಇಳಿಬಿಟ್ಟ, ಇಬ್ಬರು ಅವನನ್ನು ಹಿಡಿದುಕೊಂಡರು, ನಾನು ಇವರ ಅಂಗಿಯ ಕಾಲರ್ ಹಿಡಿದು ಎಳೆದೆ. ಮೇಲೆ ಬಂದು ಬಿದ್ದವರ ಕಾಲಲ್ಲಿ ಒಂದೇ ಚಪ್ಪಲಿ. ಬಿದ್ದಲ್ಲೇ ನಗುತ್ತಿದ್ದರು. ನಾನು ಜೋರಾಗಿ ಅಳುತ್ತಿದ್ದೆ.

“ಮೇಷ್ಟ್ರೇ, ನಿಮ್ಮ ಹೆಸರು ಈವತ್ತೇ ಗೊತ್ತಾಗಿದ್ದು ಕಣ್ರೀ,” ಎಂದ ರುಮಾಲಿನವನು. ಜನವೆಲ್ಲ ಗೊಳ್ಳೆಂದಿತು.

ನಿಲ್ಲಲು ಯಾರಿಗೂ ಪುರುಸೊತ್ತಿರಲಿಲ್ಲ. ನೀರು ಮುಂದೆ ಹೋಗುತ್ತಿತ್ತು! ನಾವೂ ಹೊರಟೆವು. ಒಣನೆಲ ನೀರನ್ನು ಕುಡಿಯುತ್ತ, ನೀರು ನೆಲವನ್ನು ನೆನೆಸುತ್ತ, ಆ ತಲೆ ಮನುಷ್ಯರ ನಡಿಗೆಯ ವೇಗದಲ್ಲೇ ಮುಂದುವರಿಯುತ್ತಿತ್ತು. ಮುಂದೆ ಮುಂದೆ ಇಲಿ, ಚೇಳು, ಓತಿಕ್ಯಾತ ಗೋಡೆ ಹತ್ತಿ ಓಡುತ್ತಿದ್ದವು. ಒಣಮಣ್ಣು ನೆನೆದ ಘಮಕ್ಕೆ ಅಮಲೇರುವಂತಿತ್ತು. ಪ್ರತಿ ಊರಿನ ಹತ್ತಿರವೂ ಹೊಸ ಜನ ಕುಂಕುಮ, ಹೂವು ಹಿಡಿದು ಕೂಡಿಕೊಂಡರು. ಒಬ್ಬಳು ಮುದುಕಿ ಮೆಟ್ಟಿಲಿಳಿದು ಬೊಗಸೆ ನೀರು ಎತ್ತಿ, ಕೆಸರೆಂದೂ ನೋಡದೆ ಕಣ್ಣಿಗೊತ್ತಿಕೊಂಡಳು. ಒಂಟಿ ಚಪ್ಪಲಿಯನ್ನೂ ಎಸೆದು ಬರಿಗಾಲಲ್ಲಿ ನಡೆಯುತ್ತಿದ್ದ ನನ್ನ ಗಂಡ ಎಲ್ಲರೊಡನೆ ಮಾತಾಡುತ್ತಿದ್ದರು, ಎಲ್ಲರೆದುರಿಗೂ, ನನ್ನ ಕೈ ಹಿಡಿದುಕೊಂಡೇ! ಹೊಳೆದಂಡೆಯಲ್ಲಿ ಮಾರು ದೂರ ಸರಿದವರು ಇವರೇನಾ ಎಂದು ನಾನು ಮತ್ತೆ ಮತ್ತೆ ಮುಖ ನೋಡಿದೆ.

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಸುದ್ದಿಗೆ ಚಾನಲ್ ಬೇಡವಲ್ಲ. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಮಗನ ಬರಿಗಾಲು ನೋಡಿದರು, ಕೆಸರು ಪಂಚೆ ನೋಡಿದರು, ನನ್ನನ್ನು ನೋಡಿದರು.

“ಹೆಸರು ಹಿಡಿದು ಕೂಗಿದ್ಯಂತೆ?”

“ಹೂಂ, ಅತ್ತೆ.”

“ಏಕವಚನದಲ್ಲಿ?”

ನಾನು ತಲೆ ತಗ್ಗಿಸಿದೆ. ಅತ್ತೆ, “ಸದ್ಯ, ಗಂಟಲು ಗಟ್ಟಿಯಿದೆ,” ಎಂದರು. ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ಮೆಲ್ಲಗೆ, “ಮುಂದಿನ ವಾರ ನನ್ನನ್ನೂ ಕರ್ಕೊಂಡು ಹೋಗ್ರೇ, ಆ ನೀರು ನೋಡ್ಬೇಕು.”

ಅಲ್ಲಿಗೆ ನಮ್ಮ ಗುಟ್ಟಿನ ಭಾನುವಾರಗಳು ಮುಗಿದವು. ಚಾನಲ್ಲಿಗೆ ನೀರು ಬಂತು, ಏರಿಯ ಮೇಲೆ ಅತ್ತೆ ಬಂದರು. ಆದರೆ ಆಮೇಲೆ ನಾವು ಎರಡು ಕೋಣೆಯ ಮನೆಯಲ್ಲೂ ಬಾಯಿಬಿಟ್ಟು ಮಾತಾಡಿದೆವು. ಗೋಡೆಯಾಚೆಯಿಂದ ಅತ್ತೆಯೂ ನಡುನಡುವೆ ಉತ್ತರ ಕೊಡುತ್ತಿದ್ದರು.

ಇಷ್ಟನ್ನು ಬರೆದು ಈಗಷ್ಟೇ ಇವರಿಗೆ ಓದಿ ಹೇಳಿದೆ. ಕಿವಿ ಮಂದವಾಗಿದೆ, ಗಟ್ಟಿಯಾಗಿಯೇ ಓದಬೇಕು. ಎಲ್ಲ ಕೇಳಿ, ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು:

“ಒಂದು ತಪ್ಪಿದೆ ಕಣೇ. ಮೊದಲನೇ ‘ರೀ’ನೇ ನಂಗೆ ಕೇಳಿಸಿತ್ತು.”

“ಏನಂದ್ರಿ?”

“ನೀರಿನ ಸದ್ದೂ ಕೇಳಿಸಿತ್ತು. ಸ್ವಲ್ಪ ದೂರ ಇತ್ತು. ಮುಂದಕ್ಕೆ ಏನಂತ ಕೂಗ್ತೀಯೋ ನೋಡೋಣ ಅಂತ ನಿಂತೆ. ಮೊಣಕಾಲಿಗೆ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ.”

ಇಷ್ಟು ವರ್ಷ ಈ ಮನುಷ್ಯನ ಪ್ರಾಣ ಉಳಿಸಿದವಳು ನಾನು ಎಂದು ಬೀಗಿಕೊಂಡು ಬಂದಿದ್ದೇನೆ. ಇವರೋ, ನನ್ನ ಬಾಯಲ್ಲಿ ತಮ್ಮ ಹೆಸರು ಕೇಳುವುದಕ್ಕೆ ನೀರಿಗೆ ಕಾಲು ಕೊಟ್ಟು ನಿಂತಿದ್ದರಂತೆ! ಕೋಪ ಬರಬೇಕಿತ್ತು. ಬಂದದ್ದು ಬೇರೇನೋ. ಮುಖ ಬಿಸಿಯಾಯಿತು, ಈ ವಯಸ್ಸಿನಲ್ಲಿ. ಕಾಗದ ಮಡಚಿಟ್ಟು, ಯಾಕೋ ಕನ್ನಡಿಯ ಮುಂದೆ ಹೋಗಿ ತಲೆ ಬಾಚಿಕೊಂಡು ಬಂದೆ.