ಕರೆಂಟು ಹೋದ ಜೀಪು

ಬನಹಟ್ಟಿಯಲ್ಲಿ ಮೌನ ಮಾರುವ ಅಂಗಡಿ ಒಂದೇ ಒಂದು. ಅದರ ಒಡತಿ ಮಂಗಲಾ. ಅಂಗಡಿ ಎಲ್ಲಿದೆಯೆಂದು ಯಾರನ್ನೂ ಕೇಳಬೇಕಾಗಿಲ್ಲ. ಬಸ್ಸಿಳಿದು ಸುಮ್ಮನೆ ನಿಂತರೆ ಸಾಕು, ಆಕೆಯ ದನಿಯೇ ಕೈಹಿಡಿದು ಕರೆತರುತ್ತದೆ. “ಬಾಗಲಾ ಧಡಾರ್ ಅಂತ ಹಾಕಬ್ಯಾಡೋ ಮಾರಾಯಾ, ಒಳಗ ಹೊಸಾ ಸ್ಪೀಕರ್ ಕುಂದ್ರಿಸೇನಿ!” ಎಂದು ಆಕೆ ಗಿರಾಕಿಗೆ ಬುದ್ಧಿ ಹೇಳಿದರೆ, ಅತ್ತ ರಬಕವಿಯಲ್ಲಿ ಯಾರೋ ಹೆದರಿ ತಮ್ಮ ಮನೆಯ ಬಾಗಿಲನ್ನು ಮೆಲ್ಲಗೆ ಮುಚ್ಚುತ್ತಾರೆ.

ಹೀಗೆ ಜಗತ್ತಿಗೆ ಕೇಳುವಂತೆ ಒದರುವ ಹೆಂಗಸು ಮಾಡುವ ಕೆಲಸವೆಂದರೆ ಗಾಡಿಗಳ ಸದ್ದಡಗಿಸುವುದು. ಜೀಪು ಎಂಬ ಪ್ರಾಣಿ ಮೂಲತಃ ಒಂದು ತಗಡಿನ ಡಬ್ಬಿ. ಕಲ್ಲುದಾರಿಗೆ ಬಿದ್ದರೆ ಬಾಗಿಲು ಒಂದು ರಾಗ, ತಳ ಒಂದು ರಾಗ, ಛಾವಣಿ ಮತ್ತೊಂದು ರಾಗ. ಮಂಗಲಾ ಆ ಡಬ್ಬಿಯ ಒಳಮೈಗೆಲ್ಲ ಒಂದು ಬಗೆಯ ದಪ್ಪ ಹಾಳೆ ಅಂಟಿಸುತ್ತಾಳೆ. ಒಂದು ಮೈ ಡಾಂಬರಿನಂಥ ಕಪ್ಪು ಅಂಟು, ಇನ್ನೊಂದು ಮೈ ಬೆಳ್ಳಿಯಂತೆ ಮಿಂಚುವ ಹಾಳೆ. ಅದರ ಮೇಲೆ ಫೋಮು. ಅದಾದ ಮೇಲೆ ಹಳೆಯ ಸ್ಪೀಕರುಗಳನ್ನು ಕಿತ್ತೊಗೆದು ಹೊಸವನ್ನು ಕೂಡಿಸುತ್ತಾಳೆ. ಸದ್ದು ಹೋದ ಜಾಗಕ್ಕೆ ಸಂಗೀತ ಬರುತ್ತದೆ.

ಮಂಗಲಾಳ ತವರು ಮುಧೋಳ. ಮಗ್ಗವಿಲ್ಲದ ಮನೆ. ಆ ಮನೆಯಲ್ಲಿ ಸಾಕಿದ್ದ ಬೇಟೆನಾಯಿ ಕೂಡ ಕಾರಣವಿಲ್ಲದೆ ಬಾಯಿ ಬಿಡುತ್ತಿರಲಿಲ್ಲವಂತೆ. ಅಂಥ ಮನೆಯ ಹುಡುಗಿ ಮದುವೆಯಾಗಿ ಬಂದು ಬಿದ್ದದ್ದು ಆರು ಪಾವರಲೂಮುಗಳ ಮನೆಗೆ. ಗೋಡೆಯ ಆಚೆ ಮಗ್ಗ, ಈಚೆ ಹಾಸಿಗೆ. ಖಟಕ್-ಪಟಕ್ ಖಟಕ್-ಪಟಕ್ ಎಂದು ಗೋಡೆಯೇ ಹಲ್ಲು ಕಡಿಯುತ್ತಿದ್ದ ಆ ಮನೆಯಲ್ಲಿ ಗಂಡ ಸಂಜಯ “ಚಾ ಮಾಡತೀ?” ಎಂದರೆ, “ನಾಳೆ ಹೋಗೂಣು” ಎಂದು ಈಕೆ ಉತ್ತರ ಕೊಡುತ್ತಿದ್ದಳು. ಸಂಜಯ ಮೆತ್ತಗಿನ ಮನುಷ್ಯ. ಚಹಾ ಬಿಟ್ಟು ನಾಳೆಗೆ ಕಾಯುತ್ತಿದ್ದ. ಕೆಲವು ದಿನ ಕಿವಿಗೆ ಹತ್ತಿ ತುರುಕಿಕೊಂಡು ಕಣ್ಣೀರು ಸುರಿಸಿದ ಮೇಲೆ ಮಂಗಲಾ ಒಂದು ತೀರ್ಮಾನಕ್ಕೆ ಬಂದಳು: ಊರು ದನಿ ತಗ್ಗಿಸುವುದಿಲ್ಲ, ಆದ್ದರಿಂದ ತಾನೇ ಏರಿಸಬೇಕು. ಏರಿಸಿದಳು. ಏರಿಸಿದ್ದು ಇನ್ನೂ ಇಳಿದಿಲ್ಲ.

ಆಕೆಯ ವಿದ್ಯಾಭ್ಯಾಸ ನಡೆದದ್ದು ಟ್ರ್ಯಾಕ್ಟರಿನ ಮೇಲೆ. ನಮ್ಮ ಕಡೆ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರು ಬರುವುದಕ್ಕೆ ಮೊದಲು ಅದರ ಹಾಡು ಬರುತ್ತದೆ. ಡ್ರೈವರನ ತಲೆಯ ಹಿಂದೆ ಕಪಾಟಿನಷ್ಟು ದೊಡ್ಡ ಸ್ಪೀಕರ್ ಪೆಟ್ಟಿಗೆ ಇರದಿದ್ದರೆ ಕಬ್ಬು ಕಾರ್ಖಾನೆ ಮುಟ್ಟುವುದಿಲ್ಲವೆಂಬುದು ಇಲ್ಲಿನ ನಂಬಿಕೆ. ಮೈದುನನ ಪೆಟ್ಟಿಗೆ ಒಮ್ಮೆ ಗೊರಗೊರ ಎಂದು ಸತ್ತಾಗ ಮಂಗಲಾ ಅದನ್ನು ಅಂಗಳದಲ್ಲಿ ಬಿಚ್ಚಿ ಹರಡಿಕೊಂಡು ಕುಳಿತಳು. ಫೋನಿನಲ್ಲಿ ವಿಡಿಯೋ ನೋಡಿ ಬೆಸುಗೆ ಹಾಕಿದಳು. ಪೆಟ್ಟಿಗೆ ಎದ್ದು ಒದರಿತು. ಮುಂದಿನ ಹಂಗಾಮಿಗೆ ಜಮಖಂಡಿ ರಸ್ತೆಯಲ್ಲಿ ಓಡುವ ಟ್ರ್ಯಾಕ್ಟರುಗಳಲ್ಲಿ ಅರ್ಧಕ್ಕರ್ಧ ಆಕೆಯ ಕೈಚಳಕದಿಂದಲೇ ಒದರತೊಡಗಿದವು. ಹೀಗೆ ಊರಿಗೆಲ್ಲ ಗದ್ದಲ ಹಂಚಿ ಮುಗಿದ ಮೇಲೆ ಆಕೆಗೆ ಹೊಳೆಯಿತು: ಇಷ್ಟೊಂದು ಗದ್ದಲವಿರುವ ಊರಲ್ಲಿ ಮೌನಕ್ಕೂ ಗಿರಾಕಿ ಇರಲೇಬೇಕು. ಕೊಲ್ಹಾಪುರದಿಂದ ಹಾಳೆಗಳ ಕಟ್ಟು ತರಿಸಿದಳು.

ಆದರೆ ಜೀಪು ನಿಲ್ಲಿಸಲು ಜಾಗ ಬೇಕಲ್ಲ? ಆರು ಮಗ್ಗಗಳಲ್ಲಿ ಎರಡನ್ನು ಹೊರಗೆಳೆದು ಚಪ್ಪರದಡಿ ತಾಡಪತ್ರಿ ಹೊದಿಸಿ ನಿಲ್ಲಿಸಲಾಯಿತು. ಖಾಲಿಯಾದ ಜಾಗವೇ ಅಂಗಡಿ. ಇದಕ್ಕೆ ಅತ್ತೆ ಗುರುಬಾಯಿ ಒಪ್ಪಿದ್ದು ಒಂದು ಕರಾರಿನ ಮೇಲೆ.

“ನೋಡವಾ,” ಎಂದಿದ್ದಳು ಆ ಹಿರಿಯ ಜೀವ, “ಮಗ್ಗಾ ಅಂದ್ರ ಮನಿಯಾಗ ಉಸಿರಾಡೂ ಮನಷ್ಯಾರಿದ್ದಂಗ. ಇಬ್ಬರನ್ನ ಹೊರಗ ಹಾಕೇವಿ. ನೀ ಮಾಡಿದ ಕೆಲಸಾ ಒಂದರೆ ತಿರುಗಿ ಬಾಗಲಿಗೆ ಬಂತಂದ್ರ, ಆವತ್ತ ಇವು ಒಳಗ ಬರತಾವ. ನಿನ್ನ ಡಬ್ಬಿ ಅಂಗಡಿ ಹೊರಗ.”

“ಆತ್ರೀ ಅತ್ಯಾರ,” ಎಂದು ಮಂಗಲಾ ಮಾತು ಕೊಟ್ಟಿದ್ದಳು. ಆಮೇಲೆ ಗಾಡಿಗಳು ಬಂದವು, ಹೋದವು. ಬೀಳಗಿಯ ಒಬ್ಬ ಗುತ್ತಿಗೆದಾರ, ಅನಗವಾಡಿಯ ಒಬ್ಬ ಜಮೀನ್ದಾರ, ಯಾರೂ ತಿರುಗಿ ಬರಲಿಲ್ಲ. ಗುರುಬಾಯಿ ಮಾತ್ರ ದಿನಾ ತಾಡಪತ್ರಿಯ ಅಂಚೆತ್ತಿ ಎರಡೂ ಮಗ್ಗಗಳ ಧೂಳು ಒರೆಸಿ, “ಇನ್ನೂ ಕಾಲ ಬಂದಿಲ್ಲ” ಎಂಬಂತೆ ಮತ್ತೆ ಹೊದಿಸುತ್ತಿದ್ದಳು.

ಆಗ ಬಂದದ್ದು ಚನಮಲ್ಲಪ್ಪ ಸಾಹುಕಾರರ ಜೀಪು.

ರಬಕವಿಯ ಚನಮಲ್ಲಪ್ಪನವರು ಹುಟ್ಟಿದ್ದು ಮಗ್ಗದ ಪಕ್ಕ, ಬೆಳೆದದ್ದು ಮಗ್ಗದ ಪಕ್ಕ, ಈಗ ಕೂಡುವುದೂ ದೊಡ್ಡದೊಂದು ಮಗ್ಗದ ಕಾರ್ಖಾನೆಯ ಪಕ್ಕದ ಗಾದಿಯಲ್ಲಿ. ತುಬಚಿಯ ಕಡೆ ಎರೆಹೊಲವಿದೆ. ಮಳೆ ಬಿದ್ದ ಎರೆಮಣ್ಣು ಸಾದಾ ಕಾರನ್ನು ಮೊಣಕಾಲವರೆಗೆ ನುಂಗಿ ಮೀಸೆ ತಿರುವುತ್ತದೆ. ಅದಕ್ಕೇ ನಾಲ್ಕೂ ಗಾಲಿಗೆ ಬಲ ಬರುವ ಹಳೆಯ ಜೀಪೊಂದನ್ನು ಕೊಂಡಿದ್ದರು. ಅದು ಕೆಸರನ್ನು ಗೆದ್ದಿತು. ಆದರೆ ಹೆಂಡತಿ ಶಿವಗಂಗವ್ವನ ಎದುರು ಸೋತಿತು.

“ತಂಗೀ,” ಎಂದರು ಸಾಹುಕಾರರು, “ಈಕಿ ಜೀಪ್ ಹತ್ತೂದಿಲ್ಲಂತಾಳ. ಹೊಲಕ್ಕ ಹೋಗಬೇಕಂತ ಆಸೆ ಖರೆ, ಆದ್ರ ಹತ್ತೂದಿಲ್ಲ.”

“ಹೆಂಗ ಹತ್ತಲಿವಾ?” ಎಂದಳು ಶಿವಗಂಗವ್ವ. “ತಲಿಮ್ಯಾಲ ಪರಾತ ಇಟ್ಟ ಬಡದಂಗ ಆಕ್ಕತಿ. ಹೋದ ಸಲಾ ‘ಎಮ್ಮಿ ಬಂತು, ಎಮ್ಮಿ ಬಂತು’ ಅಂತ ನಾ ಒದರಾಕತ್ತೇನಿ, ಇವರು ‘ಹೌದೌದು, ಛಲೋ ಗಾಡಿ’ ಅಂತ ನಗಾಕತ್ತಾರ. ಎಮ್ಮಿ ಪುಣ್ಯಾದಿಂದ ಉಳಕೊಂಡೇವಿ.”

“ಬಿಡ್ರೀ ಅಕ್ಕಾರ!” ಎಂದು ಮಂಗಲಾ ಗುಡುಗಿದಳು. ಗೋಡೆಯ ಕ್ಯಾಲೆಂಡರು ಅಲುಗಿತು. “ಇದರಾಗ ನೀವು ಉಸರ ಬಿಟ್ಟರೂ ಸಾವ್ಕಾರ್ರಿಗೆ ಕೇಳಸಬೇಕು, ಹಂಗ ಮಾಡಿ ಕೊಡತೇನಿ.”

ಮುಂದಿನದ್ದು ಯುದ್ಧ. ಆಕೆ ಸೀರೆಯ ಸೆರಗು ಬಿಗಿದು ಮೇಲೊಂದು ಗಂಡನ ಹಳೆಯ ಅಂಗಿ ತೊಟ್ಟಳು. ಅದೇ ಕವಚ. ಕೈಯಲ್ಲಿ ಮರದ ಹಿಡಿಯ ಪುಟ್ಟ ರೋಲರು. ಅದೇ ಗದೆ. ಸೀಟುಗಳು ಅಂಗಳಕ್ಕೆ ಬಂದವು, ಬಾಗಿಲುಗಳ ಒಳಹೊದಿಕೆ ಕಳಚಿತು, ಎರೆಮಣ್ಣಿನ ಹೆಂಟೆಗಳು ಉದುರಿದವು. ಒಂದು ಸವೆದ ಚಪ್ಪಲಿ, ಶಿವಗಂಗವ್ವ ಕಳೆದುಕೊಂಡಿದ್ದ ಒಂದು ಕಾಲುಂಗುರ, ಯಾವ ಕಾಲದ್ದೋ ಒಂದು ಚುರಮುರಿ ಪೊಟ್ಟಣ ಸೆರೆಸಿಕ್ಕವು. ತಗಡನ್ನು ಉಜ್ಜಿ ಎಣ್ಣೆಪಸೆ ತೆಗೆದು, ಹಾಳೆಯನ್ನು ಬಿಸಿಗಾಳಿಯಲ್ಲಿ ಮೆತ್ತಗೆ ಮಾಡಿ, ಮೂಲೆಮೂಲೆಗೆ ಒತ್ತಿ, ರೋಲರಿನಿಂದ ರೊಟ್ಟಿಯಂತೆ ಲಟ್ಟಿಸಿ, ಗಾಳಿಗುಳ್ಳೆಯೊಂದೂ ಉಳಿಯದಂತೆ ಅಂಟಿಸಿದಳು. ಬಾಗಿಲಿನ ತಳದ ನೀರು ಹೋಗುವ ತೂತುಗಳನ್ನು ಮಾತ್ರ ಮುಚ್ಚಲಿಲ್ಲ. ಅವನ್ನು ಮುಚ್ಚಿದರೆ ಮಳೆಗಾಲಕ್ಕೆ ಬಾಗಿಲೇ ಬಾವಿಯಾಗುತ್ತದೆ. ಬ್ಯಾಟರಿಯಿಂದ ಬರುವ ಕರೆಂಟಿನ ವೈರನ್ನು ಎಡಗಡೆ, ಹಾಡಿನ ವೈರನ್ನು ಬಲಗಡೆ ಎಳೆದಳು. ಏಕೆಂದು ಸಂಜಯ ಕೇಳಿದ್ದಕ್ಕೆ, “ಎರಡೂ ಒಂದ ಕಡೆ ಹಾಕಿದ್ರ ಸ್ಪೀಕರ್‌ದಾಗ ಕುಂಯ್ ಅಂತೈತಿ. ಅತ್ತಿ-ಸೊಸಿ ಒಂದ ಒಲಿ ಮುಂದ ಕುಂತಂಗ,” ಎಂದಳು. ಒಳಮನೆಯಿಂದ ಗುರುಬಾಯಿ ಕೆಮ್ಮಿದ್ದು ಎಲ್ಲರಿಗೂ ಕೇಳಿಸಿತು.

ಕೆಲಸ ಮುಗಿದು, ಬಾಗಿಲನ್ನು ಬೆರಳಿನಿಂದ ಬಡಿದರೆ ಮೊದಲು ಖಣ್ ಎನ್ನುತ್ತಿದ್ದದ್ದು ಈಗ ಜೋಳದ ಚೀಲ ಬಡಿದಂತೆ ದಪ್ ಎಂದಿತು. ಒಳಗೆ ಹಾಡು ಹಚ್ಚಿದರೆ ತಬಲಾದ ಮೇಲೆ ಬೆರಳು ಜಾರಿದ್ದೂ ಕೇಳುತ್ತಿತ್ತು. ಶಿವಗಂಗವ್ವ ಒಳಗೆ ಕುಳಿತು, “ರೀ,” ಎಂದಳು. ಅಷ್ಟೇ ಮೆತ್ತಗೆ. ಚನಮಲ್ಲಪ್ಪನವರು ಬೆಚ್ಚಿಬಿದ್ದರು. ಹೆಂಡತಿಗೆ ಇಷ್ಟು ಮಧುರವಾದ ದನಿಯಿದೆಯೆಂದು ಅವರಿಗೆ ಈ ವಯಸ್ಸಿನಲ್ಲಿ ತಿಳಿಯಿತು. ಜೀಪು ವಿಜಯೋತ್ಸವದಲ್ಲಿ ಹೊರಟಿತು.

ಮತ್ತು ತಿರುಗಿ ಬಂತು.

“ಏನವಾ ತಂಗೀ, ಗಾಡೀನ ಕೊಂದಿ!” ಎಂದರು ಸಾಹುಕಾರರು ಇಳಿಯುತ್ತಲೇ. “ದಾರ್ಯಾಗ ನಿಂತ ನಿಂತ ಬಿಡತೈತಿ. ಕೀಲಿ ತಿರುವಿದ್ರ ಕರ್ರ್ ಅಂತ ಹಲ್ಲ ಕಡೀತೈತಿ.”

ಗುರುಬಾಯಿ ಬಾಗಿಲಲ್ಲಿ ಪ್ರತ್ಯಕ್ಷಳಾದಳು. ತಾಡಪತ್ರಿಯ ಕಡೆ ಒಮ್ಮೆ ನೋಡಿದಳು. ಅದೇ ಸಾಕಾಗಿತ್ತು.

ಮಂಗಲಾ ಬಾನೆಟ್ಟು ತೆಗೆದಳು, ವೈರುಗಳನ್ನು ತಡವಿದಳು, ಫ್ಯೂಜು ನೋಡಿದಳು. ಎಲ್ಲ ನೆಟ್ಟಗಿತ್ತು. ಕೊನೆಗೆ, “ನಡೀರಿ ಸಾವ್ಕಾರ್ರ, ನಾನೂ ಬರತೇನಿ,” ಎಂದು ಪಕ್ಕದ ಸೀಟಿಗೆ ಹಾರಿದಳು. ಹಿಂದಿನ ಸೀಟಿನಲ್ಲಿ ಶಿವಗಂಗವ್ವ ಇದ್ದೇ ಇದ್ದಳು. ತುಬಚಿಯ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡನಿಂತು ದಾರಿ ಕಟ್ಟಿದ್ದವು. ಜೀಪು ನಿಂತಿತು. ಎಂಜಿನ್ನು ತನ್ನ ಪಾಡಿಗೆ ತಾನು ಮೆಲ್ಲಗೆ ತಿರುಗುತ್ತಿತ್ತು. ಚನಮಲ್ಲಪ್ಪನವರ ಮುಖ ಮಾತ್ರ ಸಣ್ಣಗಾಯಿತು, ಹುಬ್ಬು ಕೂಡಿತು, ಬಲಗೈ ಯಾರ ಅಪ್ಪಣೆಯನ್ನೂ ಕೇಳದೆ ಕೀಲಿಗೆ ಹೋಯಿತು.

ಕರ್ರ್ರ್.

“ಸಾವ್ಕಾರ್ರ! ಗಾಡಿ ಚಾಲೂನ ಐತಿ! ಚಾಲೂ ಇದ್ದ ಗಾಡೀನ ಮತ್ತ ಚಾಲೂ ಮಾಡಾಕತ್ತೀರಿ!”

“ಹೌದೇನು?” ಸಾಹುಕಾರರು ಸ್ಟೇರಿಂಗಿಗೆ ಕಿವಿಹಚ್ಚಿದರು. “ಸದ್ದs ಇಲ್ಲಲ್ಲವಾ! ನನಗ ಕರೆಂಟ್ ಹೋದಂಗ ಆತು.”

ಅದೇ ಕಾಯಿಲೆ. ಬನಹಟ್ಟಿ-ರಬಕವಿಯಲ್ಲಿ ಸದ್ದು ನಿಂತಿತೆಂದರೆ ಅರ್ಥ ಒಂದೇ: ಕರೆಂಟು ಹೋಯಿತು, ಮಗ್ಗ ನಿಂತಿತು, ಎದ್ದು ಏನಾದರೂ ಮಾಡು. ಹುಟ್ಟಿದಾಗಿನಿಂದ ಕೈಗೆ ಕಲಿಸಿದ ಪಾಠ ಅದು. ಈಗ ತಿಳಿದ ಮೇಲೂ ಕೈ ಕೇಳಲಿಲ್ಲ. ಹೊಲ ಮುಟ್ಟುವುದರೊಳಗೆ ಮತ್ತೆ ಮತ್ತೆ ಕರ್ರ್ ಎಂದಿತು. ಶಿವಗಂಗವ್ವನೂ ಹಿಂದಿನ ಸೀಟಿನಲ್ಲಿ ಕಣ್ಣುಮುಚ್ಚಿದವಳು ಬೆಚ್ಚಿ ಬೆಚ್ಚಿ ಎದ್ದು, “ಕರೆಂಟ್ ಬಂತೇನ್ರೀ?” ಎನ್ನುತ್ತಿದ್ದಳು.

“ತಂಗೀ, ನಿಂದೇನ ತಪ್ಪಿಲ್ಲ,” ಎಂದರು ಸಾಹುಕಾರರು ಕೊನೆಗೆ. “ಆದ್ರ ಸ್ಟಾರ್ಟರ್ ಹಲ್ಲ ಉದರಿ ಹೋಗತಾವ. ನಾಳಿ ಆ ಹಾಳಿ ಎಲ್ಲಾ ಕಿತ್ತ ಕೊಟ್ಟಬಿಡು.”

ಮಂಗಲಾ ಮನೆಗೆ ಬಂದಾಗ ತಾಡಪತ್ರಿ ಆಗಲೇ ಕಳಚಿತ್ತು. ಗುರುಬಾಯಿ ಮಗ್ಗಗಳಿಗೆ ಎಣ್ಣೆ ಹಾಕುತ್ತಿದ್ದಳು.

“ಅತ್ಯಾರ, ನನ್ನ ಕೆಲಸಾ ಕೆಟ್ಟಿಲ್ಲರೀ. ಅವರ ಕೈ ಕೆಟ್ಟೈತಿ.”

“ಗಾಡಿ ಬಾಗಲಿಗೆ ಬಂತೋ ಇಲ್ಲೋ?”

“ಬಂತು.”

“ಆತಲ್ಲ.” ಗುರುಬಾಯಿಯ ದನಿಯಲ್ಲಿ ಸಿಟ್ಟಿರಲಿಲ್ಲ. “ನೀ ಮುಧೋಳದಾಕಿ. ಸದ್ದಿಲ್ಲಂದ್ರ ಸುಖಾ ಅಂತ ತಿಳದೀ. ನಮಗ ಸದ್ದಿಲ್ಲಂದ್ರ ಎದಿ ಝಲ್ ಅಂತೈತಿ.”

ಮಂಗಲಾ ಉತ್ತರಕ್ಕೆ ಬಾಯಿ ತೆರೆದಳು. ಅಷ್ಟರಲ್ಲಿ ಕರೆಂಟೇ ಹೋಯಿತು. ಒಳಗಿನ ನಾಲ್ಕೂ ಮಗ್ಗ ನಿಂತವು. ಇಡೀ ಓಣಿ ನಿಂತಿತು. ಬಾಣಂತನಕ್ಕೆ ಬಂದಿದ್ದ ಗುರುಬಾಯಿಯ ಮಗಳು ರಾಜಶ್ರೀಯ ಕೂಸು, ಆ ಗದ್ದಲದಲ್ಲೆಲ್ಲ ತಣ್ಣಗೆ ಮಲಗಿದ್ದದ್ದು, ತೊಟ್ಟಿಲಲ್ಲಿ ಚೀರಿ ಎದ್ದಿತು. ಗುರುಬಾಯಿ ಎಣ್ಣೆಡಬ್ಬಿ ಬಿಟ್ಟು ಓಡಿದಳು. ಜೋಗುಳ ಹಾಡಲಿಲ್ಲ. ತೊಟ್ಟಿಲಿನ ಕಟ್ಟಿಗೆಯ ಮೇಲೆ ಬೆರಳು ಬಡಿಯುತ್ತ ನಾಲಿಗೆಯಲ್ಲಿ, “ಖಟಕ್-ಪಟಕ್, ಖಟಕ್-ಪಟಕ್,” ಎಂದಳು. ಕೂಸು ಬಾಯಿ ಮುಚ್ಚಿತು. ಕಣ್ಣೂ ಮುಚ್ಚಿತು.

ಮಂಗಲಾ ನೋಡುತ್ತ ನಿಂತಳು. ಆಮೇಲೆ ಏನೋ ಹೊಳೆದು ಆಕೆ ಹಾಕಿದ ಕೂಗಿಗೆ ಕೂಸು ಮತ್ತೆ ಎದ್ದಿತು.

ಕರೆಂಟು ಬಂದದ್ದೇ ತಡ, ಆಕೆ ಮೈಕು ಹಿಡಿದು ಮಗ್ಗಗಳ ನಡುವೆ ನುಗ್ಗಿದಳು. ಒಂದೊಂದು ಮಗ್ಗದ ಮುಂದೆಯೂ ನಿಂತು ಲಾಳಿ ಅತ್ತಿಂದಿತ್ತ ಓಡುವ ಸದ್ದನ್ನು ಹಿಡಿದಳು. “ಏನ ಹುಚ್ಚಾಟ ನಡಸೀ?” ಎಂದು ಸಂಜಯ ಕೇಳಿದ. ಅದೂ ರೆಕಾರ್ಡಾಯಿತು. ಮರುದಿನ ಸಾಹುಕಾರರು ಹಾಳೆ ಕೀಳಿಸಲು ಪತ್ನೀಸಮೇತ ಬಂದಾಗ, ಮಂಗಲಾ ಅವರನ್ನು ಜೀಪಿನಲ್ಲಿ ಕೂಡಿಸಿ ಬಾಗಿಲು ಹಾಕಿ ಒಂದು ಗುಂಡಿ ಒತ್ತಿದಳು. ನಾಲ್ಕೂ ಬಾಗಿಲುಗಳಿಂದ, ಸೀಟಿನ ಕೆಳಗಿನ ಬೇಸ್ ಸ್ಪೀಕರಿನಿಂದ, ಹದವಾಗಿ, ದೂರದ ಓಣಿಯಿಂದ ಬಂದಂತೆ, ಖಟಕ್-ಪಟಕ್ ಖಟಕ್-ಪಟಕ್.

ಚನಮಲ್ಲಪ್ಪನವರ ಹುಬ್ಬು ಬಿಚ್ಚಿಕೊಂಡಿತು. ತುಬಚಿಗೆ ಹೋಗಿ ಬಂದರು. ದಾರಿಯಲ್ಲಿ ಮತ್ತೆ ಟ್ರ್ಯಾಕ್ಟರುಗಳು ಅಡ್ಡನಿಂತರೂ ಬಲಗೈ ತೊಡೆಯ ಮೇಲೆ ಸಭ್ಯಸ್ಥನಂತೆ ಕುಳಿತೇ ಇತ್ತು. ಮಗ್ಗ ನಡೆದಿದೆ, ಎಂದರೆ ಕರೆಂಟಿದೆ, ಎಂದರೆ ಲೋಕ ಸುಸೂತ್ರವಾಗಿದೆ. ತಿರುಗಿ ಬಂದಾಗ ಶಿವಗಂಗವ್ವ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ಗಾಢನಿದ್ರೆಯಲ್ಲಿದ್ದಳು.

“ಮೆಲ್ಲಗ,” ಎಂದು ಸಾಹುಕಾರರು ತುಟಿಯ ಮೇಲೆ ಬೆರಳಿಟ್ಟರು. “ಒಂದ ಹಾಳೀನೂ ಮುಟ್ಟಬ್ಯಾಡವಾ. ಹಿಂಗs ಇರಲಿ.”

ಗುರುಬಾಯಿ ಅನುಮಾನದಿಂದ ಬಂದು ಮುಂದಿನ ಸೀಟಿಗೆ ಏರಿ ಕುಳಿತಳು. ಕಣ್ಣು ಮುಚ್ಚಿ ಕೇಳಿದಳು. ಕೇಳುತ್ತ ಕೇಳುತ್ತ ಆಕೆಯ ಮುಖ ಅರಳಿತು, ಆಮೇಲೆ ಗಂಟಾಯಿತು.

“ಇದು ನಮ್ಮ ಮನಿ ಮಗ್ಗಾ ಅಲ್ಲ?”

“ಹೌದ್ರೀ ಅತ್ಯಾರ.”

“ಕಿಟಕಿ ಕಡಿ ಮಗ್ಗದಾಗ ಲಾಳಿ ಓರಿ ಆಗಿ ಬಡ್ಯಾಕತ್ತೈತಿ. ಅಲ್ಲಿ ನಿಂತ್ರ ಉಳಿದ ಮೂರರ ಗದ್ದಲದಾಗ ಕೇಳ್ಸೂದs ಇಲ್ಲ, ಇಲ್ಲಿ ನೋಡ ಹೆಂಗ ಕೇಳತೈತಿ!” ಆಕೆ ದಡಬಡ ಇಳಿದಳು. “ಏ ಸಂಜ್ಯಾ! ಮಗ್ಗದ ಮುಂದ ನಿದ್ದಿ ಮಾಡತೀ ಏನಲೇ!”

ಮಗನ ಕಡೆಗೆ ಧಾವಿಸುತ್ತಿದ್ದವಳು ಚಪ್ಪರದಡಿ ತಡೆದು ನಿಂತಳು. ಬರಿಮೈಯಲ್ಲಿ ನಿಂತ ಎರಡೂ ಮಗ್ಗಗಳನ್ನು ನೋಡಿದಳು. ತಾಡಪತ್ರಿಯನ್ನು ಎತ್ತಿ, ತಾನೇ, ಕೂಸಿಗೆ ಹೊದಿಸುವಂತೆ, ಅಂಚು ಸರಿಮಾಡಿ ಹೊದಿಸಿದಳು.

“ಇರಲಿ ಇಲ್ಲೇ,” ಎಂದಳು. “ಇನ್ನ ನಾಕ ಒಳಗ ನಡದಾವ, ನಾಕ ಸಾವ್ಕಾರ್ರ ಜೀಪನ್ಯಾಗ ಊರ ಸುತ್ತತಾವ. ಎಂಟ ಆದ್ವಲ್ಲ, ಸಾಕು.”

ಮಂಗಲಾ ಅತ್ತೆಯ ಹತ್ತಿರ ಬಂದಳು. ಶಿವಗಂಗವ್ವನ ನಿದ್ದೆಗೆ ಭಂಗವಾಗಬಾರದೆಂದು, ಬನಹಟ್ಟಿಗೆ ಬಂದ ಮೇಲೆ ಬಹುಶಃ ಮೊದಲ ಬಾರಿಗೆ, ಪಿಸುಮಾತಿನಲ್ಲಿ ಅತ್ತೆಗೆ ಏನೋ ಹೇಳಿದಳು.

ಗುರುಬಾಯಿ ಕಿವಿಗೆ ಅಂಗೈ ಹಚ್ಚಿದಳು.

“ಏನಂದಿ? ಏನೂ ತಿಳೀವಲ್ದು. ಮನಷ್ಯಾರಗತೆ ಒದರಿ ಹೇಳು!”